ಡೇಟ್ ಬಾರ್ ಆದ ವೇಪ್ ಲಿಕ್ವಿಡ್: ಸೇದಲಿಕ್ಕೂ ಬೇಡ, ಅಲಸಂಡೆಗೂ ಬೇಡ

ಅಕ್ಕ, ನಿಮ್ಮ ಪ್ರಶ್ನೆಗೆ ನಿನ್ನೆಯಿಂದ ನಮ್ಮ ಗುಂಪಿನಲ್ಲಿ ತುಂಬಾ ಜನ ಉತ್ತರ ಹಾಕಿದ್ದಾರೆ, ಅದರಲ್ಲಿ ಅರ್ಧದಷ್ಟು ಬರೀ ನಗುವ ಗೊಂಬೆ. ಈಗ ಓದುವವರಿಗೆ ತಲೆಬುಡ ಗೊತ್ತಾಗಲಿ ಅಂತ ವಿಷಯ ಮತ್ತೊಮ್ಮೆ ಹೇಳ್ತೇನೆ. ದುಬೈಯಿಂದ ರಜೆಗೆ ಬಂದ ತಮ್ಮ ನಿಮ್ಮ ಮಂಗಳೂರಿನ ಕದ್ರಿ ಮನೆಯಲ್ಲಿ ಎರಡು ಬಾಟ್ಲಿ ವೇಪ್ ಲಿಕ್ವಿಡ್, ಅಂದ್ರೆ ಇ-ಸಿಗರೇಟಿಗೆ ತುಂಬುವ ನಿಕೋಟಿನ್ ದ್ರವ, ಬಿಟ್ಟು ಹೋಗಿದ್ದಾನೆ. ಒಂದು ಮಾವಿನಹಣ್ಣಿನ ಫ್ಲೇವರ್, 30 ಎಂಎಲ್‌ನ ಬಾಟ್ಲಿ, ಅರ್ಧ ಖಾಲಿ, ಲೇಬಲ್ಲಿನಲ್ಲಿ ಎಂಎಲ್‌ಗೆ 3 ಮಿಲಿಗ್ರಾಂ ನಿಕೋಟಿನ್. ಇನ್ನೊಂದು ಸೀಲ್ ಒಡೆಯದ 10 ಎಂಎಲ್, ಅದರಲ್ಲಿ ಎಂಎಲ್‌ಗೆ 20 ಮಿಲಿಗ್ರಾಂ. ಎರಡರದ್ದೂ ಡೇಟ್ ಮುಗಿದು ಐದು ತಿಂಗಳು. ಬಿಸಾಡಬೇಡ, ಬಂದು ಸೇದ್ತೇನೆ, ಫ್ಲೇವರ್ ಸ್ವಲ್ಪ ಕಮ್ಮಿ ಆಗಿರ್ತದೆ ಅಷ್ಟೇ ಅಂತ ಅವನ ಫೋನು. ಹೊಗೆಸೊಪ್ಪಿನ ನೀರು ಹೊಡೆದ ಹಾಗೆ ಇದನ್ನು ಅಲಸಂಡೆಯ ಕಪ್ಪು ಹೇನಿಗೆ ಹೊಡೆದ್ರೆ ಹೇಗೆ ಅಂತ ನಿಮ್ಮ ಲೆಕ್ಕ.

ನಾನು ಉಡುಪಿಯಲ್ಲಿ 28 ವರ್ಷ ಮೆಡಿಕಲ್ ಶಾಪ್ ನಡೆಸಿದವ. "ಡೇಟ್ ಬಾರ್ ಆಗಿದೆ, ಪರವಾಗಿಲ್ವಾ?" ಎಂಬ ಪ್ರಶ್ನೆ ಕೇಳಿ ಕೇಳಿ ಕಿವಿ ಸವೆದಿದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡ್ತೇನೆ.

ಬಾಟ್ಲಿಯ ಮೇಲಿನ ತಾರೀಕು ಅಂದ್ರೆ ಆ ದಿನ ಮಧ್ಯರಾತ್ರಿ ಒಳಗಿನ ವಸ್ತು ವಿಷ ಆಗ್ತದೆ ಅಂತ ಅಲ್ಲ. ಸೀಲ್ ಒಡೆಯದೆ, ಬಿಸಿಲು ಬೀಳದ ಜಾಗದಲ್ಲಿ ಇಟ್ರೆ ಲೇಬಲ್ಲಿನಲ್ಲಿ ಬರೆದದ್ದೇ ಒಳಗೆ ಇರ್ತದೆ ಅಂತ ತಯಾರಿಸಿದವ ಅಲ್ಲಿಯವರೆಗೆ ಕೊಡುವ ಮಾತು. ಸೀಲ್ ಒಡೆದ ಮೇಲೆ ಆ ತಾರೀಕಿಗೆ ಬೆಲೆ ಇಲ್ಲ. ಕಣ್ಣಿನ ಡ್ರಾಪ್ಸ್ ನೋಡಿ, ಡೇಟ್ ಇನ್ನೂ ಒಂದು ವರ್ಷ ಇದ್ರೂ ಮುಚ್ಚಳ ತೆಗೆದು ತಿಂಗಳಾದ್ರೆ ಬಿಸಾಡಲಿಕ್ಕೆ ಹೇಳ್ತೇವೆ. ನಿಮ್ಮ ಮಾವಿನಹಣ್ಣಿನ ಬಾಟ್ಲಿಯ ಕತೆ ಅದೇ. ಐದು ತಿಂಗಳು ಅನ್ನುವ ಲೆಕ್ಕ ಅದಕ್ಕೆ ಹಿಡಿಯುವುದೇ ಇಲ್ಲ.

ಈ ಲಿಕ್ವಿಡ್ಡಿನಲ್ಲಿ ಇರುವುದು ಮುಖ್ಯವಾಗಿ ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಫ್ಲೇವರ್ ಮತ್ತು ನಿಕೋಟಿನ್. ಮೊದಲಿನ ಎರಡು ಅಷ್ಟು ಬೇಗ ಹಾಳಾಗುವ ಜಾತಿ ಅಲ್ಲ, ಆದ್ರೆ ಎರಡೂ ಗಾಳಿಯ ತೇವ ಹೀರ್ತವೆ. ಆಷಾಢದಲ್ಲಿ ಹಪ್ಪಳ ಡಬ್ಬಿಯೊಳಗೇ ಮೆತ್ತಗಾಗುವ ಊರು ನಮ್ಮದು, ಅರ್ಧ ಖಾಲಿ ಬಾಟ್ಲಿ ಸುಮ್ನೆ ಕೂತಿರ್ತದಾ? ನಿಕೋಟಿನ್ ಗಾಳಿ, ಬೆಳಕು, ಸೆಕೆ ತಾಗಿದ ಹಾಗೆ ಆಕ್ಸಿಡೈಸ್ ಆಗ್ತದೆ. ನೀರಿನ ಬಣ್ಣದ್ದು ಹಳದಿ ಆಗಿ ಆಮೇಲೆ ಚಹಾದ ಬಣ್ಣಕ್ಕೆ ಬರುವುದು ಅದರಿಂದ. ವೆನಿಲ್ಲಾ ಇರುವ ಫ್ಲೇವರ್ ಕೂಡ ಕಪ್ಪಾಗ್ತದೆ, ಹಾಗಾಗಿ ಬಣ್ಣ ನೋಡಿ ಮಾತ್ರ ಹಾಳಾಗಿದೆ, ಇಲ್ಲ ಅಂತ ಹೇಳ್ಲಿಕ್ಕಾಗುವುದಿಲ್ಲ.

ನಿಮ್ಮ ತಮ್ಮನಿಗೆ ನಾನು ಹೇಳಬೇಕಾದ್ದು ಬೇರೆ ಒಂದುಂಟು. 2018ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ನೋಡಿದ್ರು: ವೆನಿಲ್ಲಾ, ಚೆರ್ರಿ, ದಾಲ್ಚಿನ್ನಿ ಫ್ಲೇವರಿನಲ್ಲಿರುವ ಆಲ್ಡಿಹೈಡ್ ಎಂಬ ಪರಿಮಳದ ರಾಸಾಯನಿಕಗಳು ಪ್ರೊಪಿಲೀನ್ ಗ್ಲೈಕಾಲಿನ ಜೊತೆ ಸೇರಿ ಅಸಿಟಾಲ್ ಎಂಬ ಹೊಸ ವಸ್ತು ಆಗ್ತವೆ, ಅದು ಉಸಿರಿನ ದಾರಿಯನ್ನು ಕೆರಳಿಸುವಂಥದ್ದು. ಇದು ಡೇಟ್ ಮುಗಿದ ಮೇಲಲ್ಲ, ಬೆರೆಸಿಟ್ಟ ಕೆಲವೇ ದಿನದಲ್ಲಿ, ಮಾಮೂಲಿ ತಾಪದಲ್ಲಿ. ಅಂದ್ರೆ ಅಂಗಡಿಯ ಕಪಾಟಿನಲ್ಲಿ ಹೊಸದಾಗಿ ಕೂತ ಬಾಟ್ಲಿಯೊಳಗೂ ಲೇಬಲ್ಲಿನಲ್ಲಿ ಇಲ್ಲದ ವಸ್ತು ಹುಟ್ಟಿರಬಹುದು. ಹಳೆಯದು ಸೇಫಾ ಅಂತ ಕೇಳುವ ಮೊದಲು ಹೊಸದು ಸೇಫ್ ಅಂತ ಯಾರು ಹೇಳಿದ್ದು?

"ತಿಂಡಿಗೆ ಹಾಕುವ ಎಸೆನ್ಸೇ ಅಲ್ವಾ" ಅಂತ ಇಲ್ಲಿ ಒಬ್ಬರು ಬರೆದಿದ್ದಾರೆ. ಹೊಟ್ಟೆ ಬೇರೆ, ಶ್ವಾಸಕೋಶ ಬೇರೆ ಸ್ವಾಮಿ. ಪಾಪ್‌ಕಾರ್ನಿಗೆ ಬೆಣ್ಣೆಯ ಪರಿಮಳ ಕೊಡುವ ಡೈಅಸಿಟೈಲ್ ತಿಂದವರಿಗೆ ಏನೂ ಮಾಡಲಿಲ್ಲ. ಅದರ ಹಬೆ ದಿನಾ ಎಳೆದ ಮಿಸೌರಿಯ ಕಾರ್ಖಾನೆಯ ಕೆಲಸದವರಿಗೆ 2000ದ ಹೊತ್ತಿಗೆ ಶ್ವಾಸನಾಳಗಳೇ ಕಟ್ಟಿಹೋದದ್ದು ಗೊತ್ತಾಯ್ತು. 2019ರಲ್ಲಿ ಅಮೆರಿಕದಲ್ಲಿ ವೇಪ್ ಸೇದಿದವರು ಸಾಲಾಗಿ ಆಸ್ಪತ್ರೆ ಸೇರಿದ್ರು. 2020ರ ಫೆಬ್ರವರಿ ಹೊತ್ತಿಗೆ ಲೆಕ್ಕ 2,807, ಸತ್ತವರು 68. ಹೆಚ್ಚಿನವರು ಎಳೆದದ್ದು ಗಾಂಜಾದ ಅಂಶ ಇದ್ದ ಕಳ್ಳಮಾಲು, ಅದನ್ನು ದಪ್ಪ ಮಾಡ್ಲಿಕ್ಕೆ ಸೇರಿಸಿದ ವಿಟಮಿನ್ ಇ ಅಸಿಟೇಟ್ ಮೇಲೆ ಮುಖ್ಯ ಅನುಮಾನ ಬಿತ್ತು. ನಿಮ್ಮ ಬಾಟ್ಲಿ ಆ ಮಾಲು ಅಂತ ನಾನು ಹೇಳ್ತಾ ಇಲ್ಲ. ಆದ್ರೆ ನಾವು ಮಾತ್ರೆಯಾಗಿ ನುಂಗುವ ವಿಟಮಿನ್ನೇ ಅಲ್ಲಿ ಎದೆಗೆ ಇಳಿದು ಅಷ್ಟು ಮಾಡಿತು ಅಂತ ಅನುಮಾನ.

ಸೀಲ್ ಒಡೆಯದ ಚಿಕ್ಕ ಬಾಟ್ಲಿ ಕಪಾಟಿನ ಕತ್ತಲಲ್ಲೇ ಇದ್ದಿದ್ರೆ ಅದರಲ್ಲಿ ಐದು ತಿಂಗಳಿಗೆ ದೊಡ್ಡ ಬದಲಾವಣೆ ಆಗಿರ್ಲಿಕ್ಕಿಲ್ಲ, ಒಂದು ದಮ್ಮು ಎಳೆದ ಕೂಡ್ಲೆ ಯಾರೂ ಬೀಳುವುದಿಲ್ಲ. ಇದನ್ನು ಮುಚ್ಚಿಟ್ರೆ ನಾಳೆ ನಿಮ್ಮ ತಮ್ಮ ನನ್ನ ಬೇರೆ ಮಾತನ್ನೂ ನಂಬುವುದಿಲ್ಲ. ಆದ್ರೆ ಡೇಟ್ ಮುಗಿದ ಕಾರಣಕ್ಕೆ ನಿಕೋಟಿನ್ನಿನ ಶಕ್ತಿ ಹೋಗಿದೆ ಅಂತ ತಿಳ್ಕೊಂಡ್ರೆ ಅದೂ ತಪ್ಪು, ಸ್ವಲ್ಪ ಇಳಿದಿರಬಹುದು, ಅಷ್ಟೇ. ತೆರೆದ ಬಾಟ್ಲಿಯನ್ನಂತೂ ಸೇದುವುದೇ ಬೇಡ, ಹಾಗಂತ ಕಮೋಡಿಗೂ ಸುರಿಯಬೇಡಿ, ಯಾಕೆ ಅಂತ ಕೆಳಗೆ ಹೇಳ್ತೇನೆ.

ಕಾನೂನು ಎರಡೇ ಸಾಲಿನಲ್ಲಿ. ಕರ್ನಾಟಕದಲ್ಲಿ 2016ರಲ್ಲೇ, ದೇಶಕ್ಕೆಲ್ಲ 2019ರ ಸೆಪ್ಟೆಂಬರಿನ ಸುಗ್ರೀವಾಜ್ಞೆಯಿಂದ ಇ-ಸಿಗರೇಟಿನ ತಯಾರಿ, ಆಮದು, ಮಾರಾಟ, ಜಾಹೀರಾತು, ದಾಸ್ತಾನು ಎಲ್ಲ ನಿಷೇಧ. ಮಾರಿದವನಿಗೆ ಮೊದಲ ಸಲಕ್ಕೇ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲಾ ಎರಡೂ. ದುಬೈಯಲ್ಲಿ ಕಾನೂನು ಪ್ರಕಾರ ಕೊಂಡದ್ದಾದ್ರೂ ನಮ್ಮ ಬಜ್ಪೆ ಏರ್‌ಪೋರ್ಟಿನಲ್ಲಿ ಇಳಿಸಿದ್ರೆ ಅದು ನಿಷೇಧದ ಮಾಲು, ಮುಂದಿನ ಸಲ ತರಬೇಡ ಅನ್ನಿ. ಇಲ್ಲಿ ಕದ್ದುಮುಚ್ಚಿ ಸಿಗುವುದರ ಮೇಲೆ ಅಚ್ಚಾದ ಡೇಟಿಗೆ ಜವಾಬ್ದಾರರೇ ಇಲ್ಲ.

ಈಗ ಅಲಸಂಡೆ. ಇದರಲ್ಲಿ ನನಗೆ ಪೆಟ್ಟು ತಿಂದ ಅನುಭವ ಉಂಟು.

ಅಂಗಡಿ ಶುರು ಮಾಡಿದ ಹೊಸತರಲ್ಲಿ ಮನೆಯ ಹಿತ್ತಿಲಿನ ಬಸಳೆ, ಅಲಸಂಡೆಗೆ ನಾನೇ ಹೊಗೆಸೊಪ್ಪಿನ ಕಷಾಯ ಮಾಡಿದ್ದೆ. ಪುಸ್ತಕದ ಅಳತೆ ಅರ್ಧ ಕಿಲೋ ಹೊಗೆಸೊಪ್ಪಿಗೆ ನಾಲ್ಕೂವರೆ ಲೀಟರ್ ನೀರು, ಬಾರ್ ಸೋಪು, ಆಮೇಲೆ ಆರೇಳು ಪಟ್ಟು ನೀರು. ನಾನು ಜಾಸ್ತಿ ಬುದ್ಧಿವಂತ, ನೀರು ಕಮ್ಮಿ ಮಾಡಿದೆ. ಬೆನ್ನಿಗೆ ಹಾಕುವ ಪಂಪಿನ ಮುಚ್ಚಳದ ವಾಷರ್ ಸವೆದಿತ್ತು. ಬಗ್ಗಿದಾಗೆಲ್ಲ ತಣ್ಣಗೆ ಬೆನ್ನಿಗೆ ಇಳಿಯುತ್ತಿತ್ತು, ಸೆಕೆಗೆ ಹಿತ ಅಂತ ಬಿಟ್ಟೆ. ಮುಕ್ಕಾಲು ಗಂಟೆಯಲ್ಲಿ ಬಾಯಿ ತುಂಬ ಜೊಲ್ಲು, ಕೈ ನಡುಕ, ಜಗಲಿಗೆ ಬಂದು ಕೂತವನಿಗೆ ಎದ್ದು ನಿಲ್ಲಲಿಕ್ಕಾಗಲಿಲ್ಲ. ಹೆಂಡತಿ ಪಿತ್ತ ಅಂತ ಮಜ್ಜಿಗೆ ತಂದ್ಲು, ಅದೂ ವಾಂತಿ. ಪಕ್ಕದ ಮನೆಯ ನರ್ಸ್ ಬಂದವರು ಮೂಸಿ ನೋಡಿ, "ಮೊದ್ಲು ಆ ಅಂಗಿ ತೆಗೀರಿ" ಅಂತ ಜೋರು ಮಾಡಿದ್ರು. ಸೋಪು ಹಾಕಿ ಎರಡು ಬಕೆಟ್ ನೀರು ಸುರಿದ ಮೇಲೆಯೇ ಸುಧಾರಿಸಿದ್ದು. ಮದ್ದು ಮಾರುವವನಿಗೆ ನಿಕೋಟಿನ್ ಚರ್ಮದಿಂದ ಒಳಗೆ ಹೋಗ್ತದೆ ಅಂತ ಗೊತ್ತಿರಲಿಲ್ಲ ಅಂದ್ರೆ ನೋಡಿ. ತಂಬಾಕು ಬೆಳೆಯುವ ಕಡೆ ಒದ್ದೆ ಎಲೆ ಕೊಯ್ಯುವವರಿಗೆ ಬರುವ ಕಾಯಿಲೆಯೂ ಇದೇ ಅಂತ ಆಮೇಲೆ ಓದಿದೆ.

ನಿಮ್ಮ ಬಾಟ್ಲಿಯ ಲೆಕ್ಕ ಹಾಕಿ. ಮಾವಿನಹಣ್ಣಿನದ್ದರಲ್ಲಿ ಉಳಿದ 15 ಎಂಎಲ್‌ಗೆ 45 ಮಿಲಿಗ್ರಾಂ, ಅದನ್ನು ಒಂದು ಲೀಟರ್ ನೀರಿಗೆ ಹಾಕಿದ್ರೆ ಹೇನಿಗೆ ಅದು ಏನೂ ಅಲ್ಲ, ಗ್ಲಿಸರಿನ್ನಿನ ಅಂಟು ಮಾತ್ರ ಎಲೆಗೆ. ಚಿಕ್ಕದರಲ್ಲಿ 200 ಮಿಲಿಗ್ರಾಂ; ಗಟ್ಟಿ ಮಾಡಿ ಹೊಡೆದ್ರೆ ಹೇನು ಸಾಯಬಹುದು, ಜೊತೆಗೆ ಹೂವಿಗೆ ಬರುವ ಜೇನೂ. ಮತ್ತೆ ನೀವು ದಿನ ಬಿಟ್ಟು ದಿನ ಕೊಯ್ದು ಪಲ್ಯ ಮಾಡುವ ಕಾಯಿ ಅದು, ಎಷ್ಟು ದಿನ ಕಾಯಬೇಕು ಅಂತ ಯಾವ ಲೇಬಲ್ಲಿನಲ್ಲಿ ಉಂಟು? ನಿಕೋಟಿನ್ ಸಲ್ಫೇಟ್ ಕೀಟನಾಶಕವನ್ನು ನಮ್ಮ ದೇಶದಲ್ಲಿ ಬಳಸಲಿಕ್ಕೇ ಬಿಡುವುದಿಲ್ಲ, ರಫ್ತಿಗೆ ತಯಾರಿಸಬಹುದು ಅಷ್ಟೇ. ಸಸ್ಯದಿಂದ ಬಂದದ್ದು ಅಂದ ಕೂಡ್ಲೆ ಸಾವಯವ ಅಂತ ಕೈಮುಗಿಯುವ ನಮ್ಮ ಗುಂಪಿನವರು ಇದನ್ನೊಮ್ಮೆ ನೆನಪಿಟ್ಟುಕೊಳ್ಳಬೇಕು.

ನನಗೆ ನಿಜವಾಗಿ ಹೆದರಿಕೆ ಆದದ್ದು ನೀವು ಹಾಕಿದ ಫೋಟೋ ನೋಡಿ. ಬಾಟ್ಲಿ ಅಡುಗೆಮನೆ ಕಿಟಕಿಯಲ್ಲಿ, ಪಕ್ಕದಲ್ಲಿ ಮೊಮ್ಮಗಳ ಹಾಲಿನ ಲೋಟ! ಮಾವಿನಹಣ್ಣಿನ ಪರಿಮಳ, ಬಣ್ಣದ ಚಿತ್ರ, ಮಗುವಿಗೆ ಅದು ಜ್ಯೂಸೇ. ಚಿಕ್ಕ ಬಾಟ್ಲಿಯ ಒಂದು ಚಮಚ ಅಂದ್ರೆ 100 ಮಿಲಿಗ್ರಾಂ. ಹಳೆ ಪುಸ್ತಕಗಳು ದೊಡ್ಡವರ ಜೀವ ಹೋಗ್ಲಿಕ್ಕೇ 60 ಮಿಲಿಗ್ರಾಂ ಸಾಕು ಅನ್ನುತ್ತಿದ್ವು, ಈಚಿನವರು 500ರ ಮೇಲೆ ಅಂತಾರೆ, ಆದ್ರೆ ಹತ್ತು ಕಿಲೋದ ಮಗುವಿನ ಮೇಲೆ ಈ ಚರ್ಚೆ ಬೇಡ. 2014ರ ಡಿಸೆಂಬರಿನಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಒಂದು ವರ್ಷದ ಮಗು ಹೀಗೇ ತೀರಿಕೊಂಡಿತು. ಇದನ್ನು ಓದಿದ ಕೂಡ್ಲೆ ಎರಡನ್ನೂ ಮೇಲಿನ ಕಪಾಟಿಗೆ ಇಟ್ಟು ಬೀಗ ಹಾಕಿ, ಆಮೇಲೆ ಮುಂದೆ ಓದಿ.

ಬಿಸಾಡುವುದು ಹೇಗೆ? ಕಮೋಡಿಗೆ, ಸಿಂಕಿಗೆ, ತೆಂಗಿನ ಬುಡಕ್ಕೆ ಸುರಿಯಬೇಡಿ. ನಮ್ಮಲ್ಲಿ ಕಕ್ಕಸಿನ ಪಿಟ್ಟಿನಿಂದ ಬಾವಿಗೆ ಎಷ್ಟು ದೂರ ಅಂತ ನಿಮಗೇ ಗೊತ್ತು, ಮೀನಿಗೂ ಅದು ಆಗುವುದಿಲ್ಲ. ಕೈಗೆ ಗ್ಲೌಸ್ ಹಾಕಿ ಮುಚ್ಚಳ ಬಿಗಿ ಮಾಡಿ, ಸೋರ್ತಾ ಇದ್ರೆ ಜಿಪ್ ಇರುವ ಪ್ಲಾಸ್ಟಿಕ್ಕಿಗೆ ಮರದ ಹುಡಿಯೋ ಒಣಗಿದ ಚಹಾ ಚರಟವೋ ಹಾಕಿ ಅದರೊಳಗೆ ಇಡಿ. ಹೊರಗೆ "ನಿಕೋಟಿನ್, ವಿಷ" ಅಂತ ಬರೆದು ಅಂಟಿಸಿ, ಬೇರೆ ಕಸಕ್ಕೆ ಸೇರಿಸದೆ ಅಪಾಯಕಾರಿ ಕಸ ಅಂತ ಹೇಳಿಯೇ ಗಾಡಿಯವರ ಕೈಗೆ ಕೊಡಿ. ಪಾಪ, ಅವರು ಬರಿಗೈಯಲ್ಲಿ ಮುಟ್ಟುವವರು. ಸೇದುವ ಯಂತ್ರವೂ ಬಿಟ್ಟು ಹೋಗಿದ್ರೆ ಅದರೊಳಗೆ ಲಿಥಿಯಂ ಬ್ಯಾಟರಿ ಇರ್ತದೆ, ಇ-ಕಸಕ್ಕೆ.

ಮೈಗೆ ಚೆಲ್ಲಿದ್ರೆ ಒದ್ದೆ ಬಟ್ಟೆ ತೆಗೆದು ಸೋಪು ಹಾಕಿ ಹದಿನೈದು ನಿಮಿಷ ತೊಳೆಯಿರಿ. ಯಾರಾದ್ರೂ ಕುಡಿದ್ರೆ ವಾಂತಿ ಮಾಡಿಸ್ಲಿಕ್ಕೆ ಹೋಗಬೇಡಿ, ಬಾಟ್ಲಿ ಸಮೇತ ಹತ್ತಿರದ ಆಸ್ಪತ್ರೆಗೆ ಓಡಿ, ನಿಮಗಾದ್ರೆ ವೆನ್ಲಾಕ್ ಸರ್ಕಾರಿ ಆಸ್ಪತ್ರೆ ಪಕ್ಕವೇ. ದಾರಿಯಲ್ಲಿ ಕೇಳ್ಲಿಕ್ಕೆ ದೆಹಲಿ ಏಮ್ಸಿನ ವಿಷ ಮಾಹಿತಿ ಕೇಂದ್ರದ ಉಚಿತ ನಂಬರ್ 1800 116 117. ತಮ್ಮನಿಗೆ ಬಿಡುವ ಮನಸ್ಸಿದ್ರೆ ತಂಬಾಕು ಬಿಡಿಸುವ ಸಹಾಯವಾಣಿ 1800 11 2356. ಎರಡು ಮಿಲಿಗ್ರಾಂ ನಿಕೋಟಿನ್ ಗಮ್ ಮೆಡಿಕಲಿನಲ್ಲೇ ಸಿಗ್ತದೆ, ಡೇಟ್ ನೋಡಿಯೇ ತಗೊಳ್ಳಲಿ!

ಹೇನಿಗೆ ಇಷ್ಟು ಮಾಡಿ. ಬೆಳಿಗ್ಗೆ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಎಲೆಯ ಅಡಿಗೆ, ಎಳೆ ಕುಡಿಗೆ ಜೋರಾಗಿ ನೀರು ಹೊಡೆಯಿರಿ. ಉದುರಿದ ಹೇನು ಹೆಚ್ಚಿನವು ವಾಪಸ್ ಹತ್ತುವುದಿಲ್ಲ. ಎರಡು ದಿನ ಬಿಟ್ಟು ಇನ್ನೂ ಇದ್ರೆ ಉಗುರು ಬೆಚ್ಚಗಿನ ಒಂದು ಲೀಟರ್ ನೀರಿಗೆ ಮೊದಲು ಸೋಪಿನ ನೀರು, ಆಮೇಲೆ 5 ಎಂಎಲ್ ಬೇವಿನೆಣ್ಣೆ ಹಾಕಿ, ಹಾಲಿನ ಹಾಗೆ ಆಗುವವರೆಗೆ ಕುಲುಕಿ ಸಂಜೆ ಹೊಡೆಯಿರಿ, ವಾರ ಬಿಟ್ಟು ಮತ್ತೊಮ್ಮೆ. ನಿಮ್ಮ ಮೂರನೇ ಫೋಟೋದಲ್ಲಿ ಕಾಂಡದ ಮೇಲೆ ಪುಟ್ಟ ಮೊಸಳೆಯ ಹಾಗೆ ಕಪ್ಪು-ಕೇಸರಿ ಹುಳ ಕಾಣ್ತದಲ್ಲ, ಅದನ್ನು ಹಿಸುಕಬೇಡಿ, ಅದು ಗುಲಗಂಜಿ ಹುಳದ ಮರಿ, ಹೇನು ತಿನ್ನಲಿಕ್ಕೇ ಬಂದದ್ದು. ಚಪ್ಪರದ ಎಡಗಡೆ ಕಂಬದಲ್ಲಿ ಇರುವೆ ಸಾಲು ಹಿಡಿದಿದೆ, ಅವು ಹೇನನ್ನು ಕಾಯುವ ದನಗಾಹಿಗಳು. ಆ ಕಂಬಕ್ಕೆ ಬಟ್ಟೆಯ ಪಟ್ಟಿ ಸುತ್ತಿ ಅದರ ಮೇಲೆ ಗ್ರೀಸ್ ಬಳಿದು ಎರಡು ದಿನ ಬಿಟ್ಟು ಫೋಟೋ ಹಾಕಿ, ನೋಡುವ.