ಓದುಗರ ಪ್ರಶ್ನೆ: ನೋಡದೇ ಬಿಡಿಸಿದ ಘೇಂಡಾಮೃಗ

ಹೋದ ತಿಂಗಳು ಕೊನೇ ಪುಟದಲ್ಲಿ ಒಂದು ಹಳೇ ಘೇಂಡಾಮೃಗದ ಚಿತ್ರ ಹಾಕಿದ್ವಿ, ಜರ್ಮನಿಯ ನ್ಯೂರೆಂಬರ್ಗ್ ಊರಿನ ಆಲ್ಬ್ರೆಕ್ಟ್ ಡ್ಯೂರರ್ 1515ರಲ್ಲಿ ಮಾಡಿದ ಮರದಚ್ಚಿನ ಚಿತ್ರ. ಅದನ್ನ ನೋಡಿ ಹಾಸನ, ಚಿಕ್ಕಮಗಳೂರು ಎರಡೂ ಕಡೆಯಿಂದ ಇಷ್ಟು ಜನ ಬರೀತಾರೆ ಅಂತ ಅನ್ಕೊಂಡಿರ್ಲಿಲ್ಲ, ಅದಕ್ಕೇ ಈ ಸಲದ ಪುಟ ಪೂರ್ತಿ ಘೇಂಡಾಮೃಗಕ್ಕೇ ಬಿಟ್ಟಿದೀನಿ.

ಪ್ರಶ್ನೆ: ಚಿತ್ರದಲ್ಲಿ ಪ್ರಾಣಿಗೆ ಕಬ್ಬಿಣದ ಕವಚ ತೊಡಿಸಿದ ಹಾಗಿದೆ, ಹೆಗಲ ಮೇಲೆ ಇನ್ನೊಂದು ಪುಟ್ಟ ಕೊಂಬೂ ಇದೆ. ಅಷ್ಟು ದೊಡ್ಡ ಕಲಾವಿದ ಹಿಂಗ್ಯಾಕೆ ಬಿಡಿಸಿದ?
– ಡ್ರಾಯಿಂಗ್ ಮೇಷ್ಟ್ರು, ಹಾಸನ

ಮೇಷ್ಟ್ರೇ, ಅವನು ಆ ಪ್ರಾಣೀನ ಕಣ್ಣಾರೆ ನೋಡೇ ಇರ್ಲಿಲ್ಲ. ಲಿಸ್ಬನ್‌ನಿಂದ ಬಂದ ಒಂದು ಕಾಗದ, ಜೊತೆಗೊಂದು ಸ್ಕೆಚ್, ಅಷ್ಟೇ ಅವನ ಮುಂದೆ ಇದ್ದದ್ದು. ಚರ್ಮದ ಮಡಿಕೆ ಅವನಿಗೆ ತಗಡಿನ ಹಾಗೆ ಕಂಡಿದೆ, ಕಾಲಿನ ಮೇಲೆ ಹಾವಿನ ಪೊರೆ ಥರ ಚಿಪ್ಪು ಬಿಡಿಸಿದಾನೆ, ಹೆಗಲ ಮೇಲಿನ ಆ ತಿರುಚಿದ ಕೊಂಬಂತೂ ಯಾವ ಘೇಂಡಾಗೂ ಇಲ್ಲ.

ಆದರೆ ನನಗೆ ಚಿತ್ರಕ್ಕಿಂತ ಆ ಪ್ರಾಣಿಯ ಕಥೆನೇ ಹೆಚ್ಚು ಕಾಡಿದ್ದು. ಅದು ನಮ್ಮ ದೇಶದ್ದೇ. ಗೋವಾದಲ್ಲಿದ್ದ ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕ್, ದಿಯುನಲ್ಲಿ ಕೋಟೆ ಕಟ್ಕೋಬೇಕು ಜಾಗ ಕೊಡಿ ಅಂತ ಗುಜರಾತಿನ ಸುಲ್ತಾನ ಎರಡನೇ ಮುಜಫರ್ ಶಾ ಹತ್ರ ಜನ ಕಳಿಸಿದ್ದ, ಸುಲ್ತಾನ ಜಾಗ ಕೊಡಲಿಲ್ಲ, ಬದಲಿಗೆ ಉಡುಗೊರೆ ಕೊಟ್ಟು ಕಳಿಸಿದ, ಅದರಲ್ಲಿ ಈ ಘೇಂಡಾನೂ ಇತ್ತು. 1515ರ ಜನವರಿಲಿ ಗೋವಾದಲ್ಲಿ ಹಡಗು ಹತ್ತಿಸಿದ್ರು, ಮೇ 20ಕ್ಕೆ ಲಿಸ್ಬನ್ ಮುಟ್ತು. ನಾಲ್ಕು ತಿಂಗಳು, ಸುತ್ತ ಉಪ್ಪು ನೀರು, ಹೊರಳಾಡೋಕೆ ಒಂದು ಹಿಡಿ ಕೆಸರಿಲ್ಲ. ರೋಮನ್ನರ ಕಾಲ ಮುಗಿದ ಮೇಲೆ ಯುರೋಪಿನ ಜನ ಜೀವಂತ ಘೇಂಡಾ ನೋಡಿದ್ದು ಅದೇ ಮೊದಲು. ಆನೆಗೂ ಘೇಂಡಾಗೂ ಹುಟ್ಟು ದ್ವೇಷ ಅಂತ ಹಳೇ ರೋಮನ್ ಪುಸ್ತಕದಲ್ಲಿ ಬರೆದಿದ್ದನ್ನ ಪರೀಕ್ಷೆ ಮಾಡೋಕೆ ಪೋರ್ಚುಗಲ್ ರಾಜ ಮನುಯೆಲ್ ಜೂನ್ 3ನೇ ತಾರೀಕು ಎರಡನ್ನೂ ಎದುರುಬದುರು ಬಿಟ್ಟ, ಆನೆ ಹೆದರಿ ಓಡಿಹೋಯ್ತು. ಆಮೇಲೆ ಆ ಘೇಂಡಾನ ಪೋಪ್ ಹತ್ತನೇ ಲಿಯೋಗೆ ಕಾಣಿಕೆ ಅಂತ ಮತ್ತೆ ಹಡಗು ಹತ್ತಿಸಿದ್ರು, 1516ರ ಶುರುವಿನಲ್ಲಿ ಇಟಲಿಯ ಲಾ ಸ್ಪೆಜಿಯಾ ಹತ್ರ ಬಿರುಗಾಳಿಗೆ ಹಡಗು ಮುಳುಗ್ತು. ಘೇಂಡಾ ಚೆನ್ನಾಗಿ ಈಜೋ ಪ್ರಾಣಿ ಮೇಷ್ಟ್ರೇ, ಕಾಲಿಗೆ ಸರಪಳಿ ಹಾಕಿದ್ದಕ್ಕೆ ಮುಳುಗಿ ಸತ್ತಿದ್ದು. ಡ್ಯೂರರ್ ಬಿಡಿಸಿದ ವರ್ಷವೇ, ಅಂದ್ರೆ 1515ರಲ್ಲೇ, ಆಗ್ಸ್‌ಬರ್ಗಿನ ಹಾನ್ಸ್ ಬುರ್ಕ್‌ಮೈರ್ ಕೂಡ ಅದೇ ಪ್ರಾಣೀನ ಮರದಲ್ಲಿ ಕೆತ್ತಿದಾನೆ, ಅದರಲ್ಲಿ ಕವಚ ಇಲ್ಲ, ಹೆಗಲ ಕೊಂಬಿಲ್ಲ, ಆದರೆ ಮುಂಗಾಲಿಗೆ ಹಾಕಿದ ಕಟ್ಟು ಕಾಣುತ್ತೆ. ಮಕ್ಕಳಿಗೆ ತೋರಿಸೋದಾದ್ರೆ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿ, ನನ್ನ ಮಾತು ಕೇಳಿ.

ಲೋಕ ಒಪ್ಪಿದ್ದು ಮಾತ್ರ ಡ್ಯೂರರ್ ಚಿತ್ರಾನೇ, ಇನ್ನೂರು ವರ್ಷದ ಮೇಲೂ ಪುಸ್ತಕಗಳಲ್ಲಿ ಅದನ್ನೇ ನಕಲು ಮಾಡ್ತಿದ್ರು. ಅದು ಬದಲಾಗಿದ್ದು ಕ್ಲಾರಾ ಅನ್ನೋ ಹೆಣ್ಣು ಘೇಂಡಾ ಬಂದ್ಮೇಲೆ. ತಾಯಿ ಸತ್ತ ಮರಿ ಅದು, ಬಂಗಾಳದಲ್ಲಿ ಒಬ್ಬ ಡಚ್ ಅಧಿಕಾರಿ ಮನೇಲಿ ಬೆಳೀತು, 1741ರಿಂದ 1758ರ ತನಕ ಊರೂರು ತಿರುಗಿಸಿ ದುಡ್ಡಿಗೆ ತೋರಿಸಿದ್ರು. ಪ್ಯಾರಿಸ್‌ನಲ್ಲಿ ಊದ್ರಿ ಅನ್ನೋ ಚಿತ್ರಕಾರ 1749ರಲ್ಲಿ ಅದರ ನಿಜವಾದ ಅಳತೆಯಲ್ಲೇ ಬಿಡಿಸಿದ. ವೆನಿಸ್‌ನಲ್ಲಿ 1751ರಲ್ಲಿ ಲೋಂಗಿ ಬಿಡಿಸಿದ್ದಂತೂ ನೋಡ್ತಾ ಕೂತ್ರೆ ಸಂಕಟ ಆಗುತ್ತೆ, ಕೊಂಬು ಬಿದ್ದು ಹೋಗಿರೋ ಕ್ಲಾರಾ ತನ್ನ ಪಾಡಿಗೆ ಒಣಹುಲ್ಲು ಮೇಯ್ತಿದೆ, ಪಕ್ಕದಲ್ಲಿ ಒಬ್ಬ ಆ ಕೊಂಬನ್ನ ಮೇಲೆತ್ತಿ ಹಿಡಿದಿದಾನೆ, ಹಿಂದೆ ಮುಖವಾಡ ಹಾಕ್ಕೊಂಡ ಜನ ಕೂತಿದಾರೆ, ಅದರಲ್ಲಿ ಪ್ರಾಣಿ ಕಡೆ ನೋಡ್ತಿರೋರೇ ಕಮ್ಮಿ.

ಪ್ರಶ್ನೆ: ನಮ್ಮ ತೀರ್ಥಂಕರರೊಬ್ಬರ ಲಾಂಛನ ಘೇಂಡಾಮೃಗ ಅಂತ ನಮ್ಮಜ್ಜಿ ಹೇಳ್ತಿದ್ರು. ಯಾರದ್ದು? ಖಡ್ಗಮೃಗ ಅನ್ನೋ ಹೆಸರು ಕತ್ತಿಯಿಂದ ಬಂತಾ?
– ಗೃಹಿಣಿ, ಚನ್ನರಾಯಪಟ್ಟಣ

ಅಜ್ಜಿ ಹೇಳಿದ್ದು ಸರಿ ಅಮ್ಮಾ. ಹನ್ನೊಂದನೇ ತೀರ್ಥಂಕರ ಶ್ರೇಯಾಂಸನಾಥರ ಲಾಂಛನ ಅದು. ನಿಮ್ಮೂರಿಂದ ಶ್ರವಣಬೆಳಗೊಳ ಎಷ್ಟು ದೂರ, ಮುಂದಿನ ಸಲ ಭಂಡಾರ ಬಸದಿಗೆ ಹೋದಾಗ ಇಪ್ಪತ್ನಾಲ್ಕು ಜನ ತೀರ್ಥಂಕರರನ್ನ ಸಾಲಾಗಿ ನೋಡ್ತೀರಲ್ಲ, ಹನ್ನೊಂದನೆಯವರ ಮುಂದೆ ಒಂದು ಗಳಿಗೆ ನಿಂತು ಅಜ್ಜೀನ ನೆನೆಸ್ಕೊಳಿ.

ಇನ್ನು ಹೆಸರಿನ ಮಾತು. ಅಮರಕೋಶದಲ್ಲಿ ಈ ಪ್ರಾಣಿಗೆ ಗಂಡಕ, ಖಡ್ಗ, ಖಡ್ಗೀ ಅಂತ ಮೂರು ಹೆಸರಿದೆ, ಅಂದ್ರೆ ಬರೀ ಖಡ್ಗ ಅಂದ್ರೂ ಘೇಂಡಾನೇ. ಇದನ್ನ ಇಟ್ಕೊಂಡು ಗುಪ್ತರ ಕಾಲದವರು ಎಷ್ಟು ಚಂದದ ಮಾತು ಕಟ್ಟಿದಾರೆ ನೋಡಿ. ಮೊದಲನೇ ಕುಮಾರಗುಪ್ತನ ಒಂದು ಚಿನ್ನದ ನಾಣ್ಯದಲ್ಲಿ ರಾಜ ಕುದುರೆ ಮೇಲಿಂದ ಬಗ್ಗಿ ಕತ್ತಿಲಿ ಘೇಂಡಾ ಹೊಡೀತಿದಾನೆ, ಸುತ್ತ ಬರೆದಿರೋದ್ರಲ್ಲಿ "ಖಡ್ಗತ್ರಾತಾ" ಅಂತ ಬರುತ್ತೆ, ಕತ್ತಿಯಿಂದ ಕಾಪಾಡೋನು ಅಂತಾನೂ ಆಯ್ತು, ಘೇಂಡಾಮೃಗದಿಂದ ಕಾಪಾಡೋನು ಅಂತಾನೂ ಆಯ್ತು. ಬೆರಳ ತುದಿಯಷ್ಟು ಚಿನ್ನದಲ್ಲಿ ಒಂದು ಶ್ಲೇಷೆ!

ಆದರೆ ಜೈನರು, ಬೌದ್ಧರು ಇದನ್ನ ಹೊಡೆಯೋ ಪ್ರಾಣಿಯಾಗಿ ನೋಡಲಿಲ್ಲ, ಒಂಟಿಯಾಗಿ ಇರೋದನ್ನ ಅದರಿಂದ ಕಲಿಯೋಣ ಅಂದ್ರು. ಜೈನರ ಕಲ್ಪಸೂತ್ರದಲ್ಲಿ ಮಹಾವೀರರು ಘೇಂಡಾದ ಕೊಂಬಿನ ಹಾಗೆ ಒಬ್ಬರೇ ಇದ್ರು ಅಂತ ಬರುತ್ತೆ. ಬೌದ್ಧರ ಪಾಳಿ ಗ್ರಂಥ ಸುತ್ತನಿಪಾತದಲ್ಲಿ ಒಂದು ಇಡೀ ಪದ್ಯಮಾಲೆನೇ ಇದೆ, ಹೆಚ್ಚುಕಮ್ಮಿ ಎಲ್ಲಾ ಪದ್ಯಾನೂ "ಏಕೋ ಚರೇ ಖಗ್ಗವಿಸಾಣಕಪ್ಪೋ" ಅಂತ ಮುಗಿಯುತ್ತೆ. ಇದನ್ನ ಘೇಂಡಾಮೃಗದ ಹಾಗೆ ಒಂಟಿಯಾಗಿ ನಡಿ ಅಂತ ಕೆಲವರು, ಘೇಂಡಾದ ಕೊಂಬಿನ ಹಾಗೆ ಅಂತ ಕೆಲವರು ಅರ್ಥ ಮಾಡ್ತಾರೆ. ನನಗೆ ಕೊಂಬೇ ಸರಿ ಅನ್ಸುತ್ತೆ, ಯಾಕಂದ್ರೆ ಮಿಕ್ಕ ಪ್ರಾಣಿಗೆಲ್ಲಾ ಕೊಂಬು ಜೋಡಿಲಿ ಬರುತ್ತೆ, ನಮ್ಮ ದೇಶದ ಘೇಂಡಾಗೆ ಒಂದೇ.

ಪ್ರಶ್ನೆ: ಗಂಡಭೇರುಂಡಕ್ಕೂ ಘೇಂಡಾಮೃಗಕ್ಕೂ ಸಂಬಂಧ ಇದ್ಯಾ ಸರ್? ಟೂರಿಸ್ಟ್‌ಗಳು ಕೇಳ್ತಾರೆ.
– ಗೈಡ್, ಬೇಲೂರು

ಇಲ್ಲ ತಮ್ಮಾ. ಗಂಡಭೇರುಂಡ ಎರಡು ತಲೆಯ ಹಕ್ಕಿ, ನಿಮ್ಮ ಚೆನ್ನಕೇಶವ ದೇವಸ್ಥಾನದಲ್ಲೇ ಜಿಂಕೆ, ಹೆಬ್ಬಾವು, ಆನೆ, ಸಿಂಹ, ಶರಭ ಒಂದನ್ನೊಂದು ಹಿಡಿಯೋ ಸಾಲಿನ ಕೊನೇಲಿ ಬರೋದು ಅದೇ. ಹೆಸರು ಕಿವಿಗೆ ಒಂದೇ ಥರ ಕೇಳುತ್ತೆ ಅಷ್ಟೇ. ಹಳೇಬೀಡಿನ ಪಟ್ಟಿಗಳಲ್ಲೂ ಕೆಳಗಿಂದ ಆನೆ, ಸಿಂಹ, ಕುದುರೆ ಸವಾರರು, ಮೇಲೆ ಮಕರ, ಹಂಸ. ಮಕರದ ಸೊಂಡಿಲು ನೋಡಿ ಘೇಂಡಾ ಅಂತ ಯಾರಾದ್ರೂ ಅಂದ್ರೆ ತಿದ್ದು.

ಇನ್ನೊಂದು ವಿಷಯ ಅವರಿಗೆ ಹೇಳಬಹುದು. ಕರ್ನಾಟಕದಲ್ಲೂ ಒಂದು ಕಾಲಕ್ಕೆ ಘೇಂಡಾ ಇತ್ತು. ಬೆಳಗಾವಿ ಜಿಲ್ಲೆ ಗೋಕಾಕದ ಹತ್ರ ಸಿಕ್ಕ ಪಳೆಯುಳಿಕೆ ಮೂಳೆ ನೋಡಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ಅದಕ್ಕೆ ದಖ್ಖನ್ನಿನ ಹೆಸರೇ ಇಟ್ಟು ಬರೆದಿದಾರೆ.

ಪ್ರಶ್ನೆ: ಇಲ್ಲಿ ಆನೆ ಬಂದು ಕಾಫಿ ಗಿಡ, ಬಾಳೆ, ಗದ್ದೆ ಎಲ್ಲಾ ತುಳಿದು ಹೋಗ್ತವೆ, ಜನ ಸತ್ತಿದಾರೆ. ಅಸ್ಸಾಮಿನ ಘೇಂಡಾ ಉಳಿಸಿ ಅಂತ ನೀವು ಬರೀತೀರ, ನಮಗೇನಾಗಬೇಕು ಅದ್ರಿಂದ?
– ಕಾಫಿ ಬೆಳೆಗಾರರು, ಸಕಲೇಶಪುರ

ಗೌಡ್ರೇ, ನಿಮ್ಮ ಸಿಟ್ಟು ನನಗೆ ಅರ್ಥ ಆಗುತ್ತೆ, ಅದನ್ನ ತಪ್ಪು ಅನ್ನಲ್ಲ. 2023ರ ಡಿಸೆಂಬರ್‌ನಲ್ಲಿ ಯಸಳೂರು ಕಡೆ ಕಾಡಾನೆ ಹಿಡಿಯೋಕೆ ಹೋಗಿ ದಸರಾ ಅರ್ಜುನ ಸತ್ತಾಗ ಇಡೀ ರಾಜ್ಯ ಅತ್ತಿತು, ತೋಟದ ಕೆಲಸಕ್ಕೆ ಹೋಗಿ ವಾಪಸ್ ಬರದೇ ಇರೋರಿಗೆ ಅಷ್ಟು ಜನ ಅಳಲಿಲ್ಲ, ಆ ನೋವು ನಿಮ್ಮದು.

ಆದರೆ ಕಾಜಿರಂಗದ ಕಥೆ ನಿಮಗೂ ಬೇಕಾದ್ದೇ ಅಂತ ನನ್ನ ಅನಿಸಿಕೆ. ಇಪ್ಪತ್ತನೇ ಶತಮಾನದ ಶುರುವಿಗೆ ಈ ಜಾತಿ ಪೂರ್ತಿ ಸೇರಿ 200 ಕೂಡ ಇರಲಿಲ್ಲ. 1905ರಲ್ಲಿ ಕಾಜಿರಂಗವನ್ನ ಮೀಸಲು ಕಾಡು ಮಾಡೋ ಕೆಲಸ ಶುರುವಾಯ್ತು, 1966ರ ಎಣಿಕೆಲಿ 366 ಸಿಕ್ಕಿತು, 1974ಕ್ಕೆ ರಾಷ್ಟ್ರೀಯ ಉದ್ಯಾನ, 2022ರ ಎಣಿಕೆಲಿ 2,613. ಭಾರತ, ನೇಪಾಳ ಎಲ್ಲಾ ಸೇರಿ ಈಗ ಸುಮಾರು 4,000. ಇದು ಸುಮ್ನೆ ಆಗಿದ್ದಲ್ಲ. ಘೇಂಡಾ ದಿನಾ ಒಂದೇ ಜಾಗಕ್ಕೆ ಬಂದು ಲದ್ದಿ ಹಾಕುತ್ತೆ, ರಾಶಿ ಬೀಳುತ್ತೆ, ಕಳ್ಳಬೇಟೆಯವರು ಆ ರಾಶಿ ಹತ್ರಾನೇ ಕಾಯ್ತಾರೆ, ದಾರಿಲಿ ಗುಂಡಿ ತೋಡ್ತಿದ್ರು, ಕರೆಂಟ್ ತಂತಿ ಎಳೀತಿದ್ರು. ಅದಕ್ಕೇ ಗಾರ್ಡ್‌ಗಳು ಮಳೆಗಾಲದಲ್ಲೂ ನೀರಿನ ಮಧ್ಯ ಕಂಬದ ಮೇಲೆ ನಿಂತ ಕ್ಯಾಂಪ್‌ಗಳಲ್ಲಿ ಇರ್ತಾರೆ, ದೋಣೀಲಿ ರೌಂಡ್ಸ್. 2013, 2014ರಲ್ಲಿ ಅಸ್ಸಾಮಿನಲ್ಲಿ ವರ್ಷಕ್ಕೆ 20ಕ್ಕೂ ಹೆಚ್ಚು ಘೇಂಡಾ ಕೊಂದಿದ್ರು, 2022ರಲ್ಲಿ ಒಂದೂ ಇಲ್ಲ. ಆ ಕಾವಲಿನಲ್ಲಿ ಅಮಾಯಕ ಹಳ್ಳಿಯವರ ಮೇಲೂ ಗುಂಡು ಬಿದ್ದಿದೆ ಅನ್ನೋ ಆರೋಪ ಇದೆ, ಅದನ್ನ ಮುಚ್ಚಿಟ್ಟು ಬರೆಯೋಕೆ ನನಗಿಷ್ಟ ಇಲ್ಲ.

ನಿಮಗೆ ಹತ್ತಿರದ ವಿಷಯ ಬ್ರಹ್ಮಪುತ್ರದ ನೆರೆ. ಆ ಹುಲ್ಲುಗಾವಲಿಗೆ ನೆರೆ ಬೇಕೇ ಬೇಕು, ಕೆರೆಗಳನ್ನ ತೊಳೆದು ಹೊಸ ಮಣ್ಣು ತರೋದು ಅದೇ. ಆದರೆ ನೀರು ಏರಿದಾಗ ಪ್ರಾಣಿಗಳು ದಕ್ಷಿಣದ ಕಾರ್ಬಿ ಬೆಟ್ಟಕ್ಕೆ ಹೋಗಲೇಬೇಕು, ಮಧ್ಯ ಹೈವೇ, ಹೋಟೆಲ್, ಟೀ ತೋಟ, ಊರು. ದಾರಿ ಮುಚ್ಚಿದ ಕಡೆ ಪ್ರಾಣಿಗೂ ಸಾವು, ಜನಕ್ಕೂ ತೊಂದರೆ. ಅದಕ್ಕೆ ಅಲ್ಲಿ ಮಣ್ಣಿನ ದಿಬ್ಬ ಹಾಕಿದಾರೆ, ನೆರೆ ಟೈಮಲ್ಲಿ ಹೈವೇಲಿ ಸ್ಪೀಡ್ ಕಡಿಮೆ ಮಾಡಿಸ್ತಾರೆ, ಬೆಟ್ಟದ ದಾರಿಗಳು ಯಾವ್ಯಾವುದು ಅಂತ ಗುರುತು ಮಾಡಿದಾರೆ. ಆಲೂರು, ಸಕಲೇಶಪುರದಲ್ಲಿ ನಾವು ಆನೆ ಹಿಡಿದು ಬೇರೆ ಕಡೆ ಬಿಡೋದ್ರ ಬಗ್ಗೆ ಮಾತಾಡಿದಷ್ಟು ಅವುಗಳ ದಾರಿ ಬಗ್ಗೆ ಮಾತಾಡಿಲ್ಲ. ಪರಿಹಾರದ ದುಡ್ಡು ಬೇಗ ಬರಬೇಕು ಅನ್ನೋದ್ರಲ್ಲಿ ನಾನು ನಿಮ್ಮ ಜೊತೆಗೇ ಇದೀನಿ.

ಪ್ರಶ್ನೆ: ಕೊಂಬಿನ ಪುಡಿಲಿ ಔಷಧಿ ಗುಣ ಇದ್ಯಂತೆ, ನಿಜಾನಾ?
– ಕಾಲೇಜ್ ವಿದ್ಯಾರ್ಥಿ, ಚಿಕ್ಕಮಗಳೂರು

ಇಲ್ಲ. ಅದು ಕೆರಟಿನ್, ನಿನ್ನ ಉಗುರು ಯಾವುದರಿಂದ ಆಗಿದ್ಯೋ ಅದೇ. 2021ರ ಸೆಪ್ಟೆಂಬರ್ 22ಕ್ಕೆ ಅಸ್ಸಾಮಿನ ಬೋಕಾಖಾತ್‌ನಲ್ಲಿ ಸರ್ಕಾರ 2,479 ಕೊಂಬುಗಳನ್ನ ಸಾರ್ವಜನಿಕವಾಗಿ ಸುಟ್ಟಿದ್ದು ಇದನ್ನೇ ಹೇಳೋಕೆ. ಒಬ್ಬ ಅದನ್ನ ಔಷಧಿ ಅಂತ ನಂಬಿದ್ರೆ ಇನ್ನೊಬ್ಬ ಕೋವಿ ಹಿಡೀತಾನೆ, ಸ್ನೇಹಿತರಿಗೆ ಹೇಳು.

ಪ್ರಶ್ನೆ: ತೆಂಗಿನ ಸುಳಿ ಕೊರೆಯೋ ಕುರುವಾಯಿ ದುಂಬಿಗೆ ರೈನೋ ದುಂಬಿ ಅಂತಾರಲ್ಲ, ಯಾಕೆ? ತಡೆಯೋದು ಹೇಗೆ?
– ತೆಂಗು ಬೆಳೆಗಾರರು, ಅರಸೀಕೆರೆ

ತಲೆ ಮೇಲೆ ಹಿಂದಕ್ಕೆ ಬಾಗಿರೋ ಒಂದು ಕೊಂಬಿರುತ್ತೆ, ಅದಕ್ಕೇ ಆ ಹೆಸರು. ಸುಳೀಲಿ ಕೊರೆದಿದ್ದು ಗರಿ ಬಿಚ್ಚಿದ ಮೇಲೆ ಕತ್ತರಿಲಿ ಕತ್ತರಿಸಿದ ಹಾಗೆ ಕಾಣುತ್ತೆ. ಮೊಟ್ಟೆ ಇಡೋದು ತಿಪ್ಪೆಲಿ, ಕೊಳೆತ ತೆಂಗಿನ ದಿಮ್ಮಿಲಿ, ಹಾಗಾಗಿ ಔಷಧಿ ಹೊಡೆಯೋಕಿಂತ ಮುಂಚೆ ಗೊಬ್ಬರದ ಗುಂಡಿ ನೋಡಿ, ಬಿಳೀ ದಪ್ಪ ಹುಳ ಇದ್ರೆ ಆರಿಸಿ ತೆಗೀರಿ, ಮೆಟಾರೈಜಿಯಂ ಶಿಲೀಂಧ್ರದ ಪುಡಿ ನೀರಲ್ಲಿ ಕಲಸಿ ಗುಂಡಿಗೆ ಹಾಕಿ. ಮರದಲ್ಲಿರೋದನ್ನ ಕಬ್ಬಿಣದ ಕೊಕ್ಕೆಲಿ ಎಳೀರಿ. ಎಳೇ ಸಸಿಗೆ ಸುಳಿ ಪಕ್ಕದ ಗರಿ ಬುಡದಲ್ಲಿ ನುಸಿ ಗುಳಿಗೆ ಇಟ್ಟು ಮರಳು ಮುಚ್ಚಿದ್ರೆ ಹತ್ರ ಬರಲ್ಲ.

ಪ್ರಶ್ನೆ: ಅಂಕಲ್, ರೈನೋ ದಿನದ ಡ್ರಾಯಿಂಗ್ ಕಾಂಪಿಟಿಷನ್‌ಗೆ ನಾನು ಎರಡು ಕೊಂಬು ಬಿಡಿಸಿದೆ. ಮಿಸ್ ತಪ್ಪು ಅಂದ್ರು. ಫೋನಲ್ಲಿ ಎರಡೇ ಇತ್ತು. ಯಾವುದು ಸರಿ?
– 6ನೇ ಕ್ಲಾಸ್, ಕಡೂರು

ಪುಟ್ಟಾ, ನೀನು ನೋಡಿದ್ದೂ ತಪ್ಪಲ್ಲ, ಮಿಸ್ ಹೇಳಿದ್ದೂ ತಪ್ಪಲ್ಲ. ಪ್ರಪಂಚದಲ್ಲಿ ಐದು ಥರ ಘೇಂಡಾ ಇದೆ. ಆಫ್ರಿಕಾದ ಎರಡಕ್ಕೂ, ಸುಮಾತ್ರಾದ್ದಕ್ಕೂ ಎರಡೆರಡು ಕೊಂಬು. ನಮ್ಮ ದೇಶದ್ದಕ್ಕೆ, ಜಾವಾದ್ದಕ್ಕೆ ಒಂದೇ. ನಿನ್ನ ಫೋನಲ್ಲಿ ಇದ್ದಿದ್ದು ಆಫ್ರಿಕಾದ್ದಿರುತ್ತೆ.

ನಾನು ಮೈಸೂರು ಝೂನಲ್ಲಿ ಮಗಳನ್ನ ಕರ್ಕೊಂಡು ಹೋದಾಗ ಅರ್ಧ ಗಂಟೆ ಅದರ ಮುಂದೆನೇ ನಿಂತಿದ್ದೆ, ಅದನ್ನೇ ಹೇಳ್ತೀನಿ ಕೇಳು. ಮೇಲಿನ ತುಟಿ ಚೂಪಾಗಿದೆ, ಅದನ್ನ ಬೆರಳಿನ ಹಾಗೆ ಹುಲ್ಲಿಗೆ ಸುತ್ತಿ ಎಳ್ಕೊಳುತ್ತೆ. ಕಣ್ಣು ಚಿಕ್ಕದು, ಮುಖದ ಪಕ್ಕದಲ್ಲಿ ಕೆಳಗಿದೆ. ಕಿವಿ ಅಂಚಿಗೆ ಕೂದಲು, ಬಾಲದ ತುದಿಗೂ ಕೂದಲು, ಮಿಕ್ಕ ಮೈಯೆಲ್ಲಾ ಬೋಳು. ಕತ್ತಿನ ಹತ್ರ, ಹೆಗಲ ಹಿಂದೆ, ಸೊಂಟದ ಮುಂದೆ ಚರ್ಮ ದೊಡ್ಡ ಮಡಿಕೆಯಾಗಿ ಜೋತು ಬಿದ್ದಿರುತ್ತೆ, ಮಡಿಕೆ ಒಳಗೆ ಸ್ವಲ್ಪ ಗುಲಾಬಿ ಬಣ್ಣ ಹಚ್ಚು. ಹೆಗಲು, ತೊಡೆ ಮೇಲೆ ಸಣ್ಣ ಸಣ್ಣ ಗಂಟು. ಒಂದೊಂದು ಕಾಲಿಗೆ ಮೂರೇ ಬೆರಳು. ಹೆಗಲ ಮೇಲೆ ಕೊಂಬು ಬಿಡಿಸಬೇಡ, ಕಾಲಿಗೆ ಸರಪಳಿ ಬಿಡಿಸಬೇಡ. ಸುತ್ತ ನಿನಗಿಂತ ಎತ್ತರದ ಹುಲ್ಲು, ಬೆನ್ನ ಮೇಲೆ ಒಂದು ಮೈನಾ ಹಕ್ಕಿ.

ಬಿಡಿಸಿ ಫೋಟೋ ತೆಗೆದು ಅಪ್ಪನ ಕೈಲಿ ಕಳಿಸು. ಹೋದ ತಿಂಗಳು ಡ್ಯೂರರ್ ಚಿತ್ರ ಹಾಕಿದ ಜಾಗದಲ್ಲೇ ನಿಂದನ್ನ ಹಾಕ್ತೀವಿ.