ಊರೂರು ಸುತ್ತುವ ಸಣ್ಣ ನಾಟಕ ತಂಡ ಪ್ರೇಕ್ಷಕರ ಜೊತೆ ನಂಟು ಬೆಳೆಸೋದು ಹೇಗೆ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಆರು ಜನರ ತಂಡ, ಒಂದು ವ್ಯಾನು, ವರ್ಷಕ್ಕೊಂದು ನಾಟಕ. ಹೋದ ಕಡೆಯೆಲ್ಲ ಚಪ್ಪಾಳೆ ಬೀಳುತ್ತದೆ. ಆದರೆ ಮುಂದಿನ ವರ್ಷ ಅದೇ ಊರಿಗೆ ಹೋದರೆ ಯಾರಿಗೂ ನೆನಪಿರುವುದಿಲ್ಲ. ಶೋ ಆದಮೇಲೆ ಸಂವಾದ ಇಟ್ಟರೆ ಯಾರೂ ಬಾಯಿ ಬಿಡುವುದಿಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ನಲ್ಲಿ ಇನ್ನೂ ಜಾಸ್ತಿ ಹಾಕಬೇಕಾ ಅಂತ ಕೇಳಿದ್ದೀರಿ.

ನಾನು ಇಂಥದ್ದೇ ಒಂದು ತಂಡದಲ್ಲಿ ಒಂಬತ್ತು ವರ್ಷ ಇದ್ದೆ. ನಟನೆ ಕಮ್ಮಿ. ಲೈಟು ನನ್ನದು, ವ್ಯಾನು ಲೋಡ್ ಮಾಡೋದು ನನ್ನದು, ಕೊನೆಯ ನಾಲ್ಕು ವರ್ಷ ತಂಡಕ್ಕಿಂತ ಮುಂಚೆ ಹೋಗಿ ಜಾಗ ನೋಡಿ ಬರುವ ಕೆಲಸವೂ ನನ್ನದೇ. ಹಾಗಾಗಿ ಇಲ್ಲಿ ಹೇಳೋದೆಲ್ಲ ವಿಂಗಿನಲ್ಲಿ, ಅಂದರೆ ವೇದಿಕೆ ಪಕ್ಕದ ಮರೆಯಲ್ಲಿ, ನಿಂತು ನೋಡಿದ್ದು.

ಶೋ ಮುಗಿದ ಮೇಲಿನ ಒಂದು ಗಂಟೆ ನೀವೆಲ್ಲ ಎಲ್ಲಿರುತ್ತೀರಿ? ಮೊದಲು ಅದನ್ನು ಸರಿಮಾಡಿಕೊಳ್ಳಿ. ಫೇಸ್‌ಬುಕ್ ಆಮೇಲೆ ನೋಡೋಣ.

ನಾವೂ ಸಂವಾದ ಇಡುತ್ತಿದ್ದೆವು. ವೇದಿಕೆ ಮೇಲೆ ಸಾಲಾಗಿ ಕುರ್ಚಿ, ನಡುವೆ ನಿರ್ದೇಶಕರು, ಕೈಯಲ್ಲಿ ಮೈಕು. "ಪ್ರಶ್ನೆಗಳಿದ್ದರೆ ಕೇಳಬಹುದು." ಸಭೆ ತಣ್ಣಗೆ. ಆಮೇಲೆ ಯಾರೋ ಒಬ್ಬರು ಎದ್ದು ಹತ್ತು ನಿಮಿಷ ಭಾಷಣ ಮಾಡುತ್ತಾರೆ, ಅದರಲ್ಲಿ ಪ್ರಶ್ನೆಯೇ ಇರುವುದಿಲ್ಲ. ಅಷ್ಟರಲ್ಲಿ ಹಿಂದಿನ ಸಾಲುಗಳು ಖಾಲಿ. ಇದನ್ನು ನೀವೂ ನೋಡಿರುತ್ತೀರಿ, ಅಲ್ವಾ?

ಒಂದು ಸಲ ಹೀಗೇ ಸಂವಾದ ಸತ್ತುಹೋಗಿ, ಎಲ್ಲರೂ ಎದ್ದು ಹೋದಮೇಲೆ ನಾನು ಕೇಬಲ್ ಸುತ್ತುತ್ತಿದ್ದೆ. ಐವತ್ತರ ಆಸುಪಾಸಿನ ಒಬ್ಬ ಹೆಂಗಸು ಹತ್ತಿರ ಬಂದು ನಿಂತರು. ನಾನು ಏನೂ ಕೇಳಿರಲಿಲ್ಲ, ಅವರೇ ಕೇಬಲ್‌ನ ಇನ್ನೊಂದು ತುದಿ ಎತ್ತಿ ಹಿಡಿದರು. ಸ್ವಲ್ಪ ಹೊತ್ತು ಸುಮ್ನೆ ಇದ್ದು ಕೇಳಿದರು. "ಕೊನೇಲಿ ಆ ಹುಡುಗಿ ಬಾಗಿಲು ಹಾಕಿಕೊಂಡಳಲ್ಲ, ಒಳಗೆ ಉಳಿದಳಾ, ಹೊರಗೆ ಹೋದಳಾ?"

ನನಗೆ ನಗು ಬಂತು. ನಾಟಕದ ತಿರುಳೇ ಅವಳು ಮನೆ ಬಿಟ್ಟು ಹೋಗುವುದು. "ಹೋದಳಲ್ಲಮ್ಮ" ಅಂದೆ. "ಮತ್ತೆ ಚಿಲಕ ಅವಳ ಕಡೆಗಿತ್ತಲ್ಲ?" ಅಂದರು.

ನಮ್ಮ ಸೆಟ್ ಅಂದರೆ ಒಂದು ಚೌಕಟ್ಟು, ಅದಕ್ಕೊಂದು ಬಾಗಿಲು. ಗೋಡೆ ಇಲ್ಲ. ಆ ಹಾಲ್‌ನಲ್ಲಿ ಒಂದೇ ಕಡೆ ವಿಂಗ್ ಇತ್ತು, ಜಾಗ ಸಾಲದೆ ನಾನೇ ಮಧ್ಯಾಹ್ನ ಚೌಕಟ್ಟನ್ನು ತಿರುಗಿಸಿ ನಿಲ್ಲಿಸಿದ್ದೆ. ಒಳಗಿನ ಚಿಲಕ ಹೊರಬದಿಗೆ ಬಂದಿತ್ತು. ನಮ್ಮ ಆರು ಜನರಲ್ಲಿ ಒಬ್ಬರಿಗೂ ಅದು ಹೊಳೆದಿರಲಿಲ್ಲ. ಆ ಹೆಂಗಸಿಗೆ ಮಾತ್ರ ನಾಟಕದ ಅರ್ಥವೇ ಬದಲಾಗಿ ಕಂಡಿತ್ತು. ಹುಡುಗಿ ಹೋಗಲು ಹೊರಟು, ಕೊನೆಗೆ ತಾನೇ ಚಿಲಕ ಹಾಕಿಕೊಂಡು ಒಳಗೇ ಉಳಿದುಬಿಟ್ಟಳು ಅಂತ.

ಮುಖಕ್ಕೆ ಕೋಲ್ಡ್ ಕ್ರೀಮ್ ಹಚ್ಚಿಕೊಂಡು, ಅರ್ಧ ಮೇಕಪ್ ಒರೆಸಿದ್ದ ನಟಿ ಅಲ್ಲಿಗೇ ಬಂದಳು. "ನಾನು ಹೋದೆ" ಅಂತ ಇವಳು, "ಹೋಗಲಿಲ್ಲ, ನಾನು ನೋಡಿದೆನಲ್ಲ" ಅಂತ ಅವರು. ಇನ್ನಿಬ್ಬರು ಮೂವರು ಬಾಗಿಲ ಬಳಿ ಚಪ್ಪಲಿ ಹಾಕಿಕೊಳ್ಳುತ್ತಿದ್ದವರು ವಾಪಸ್ ಬಂದರು. ವ್ಯಾನು ತುಂಬುವವರೆಗೂ ಮಾತು ನಡೆಯಿತು. ಆ ಚೌಕಟ್ಟನ್ನು ಹೊರಗೆ ಹೊತ್ತವರಲ್ಲಿ ಇಬ್ಬರು ಪ್ರೇಕ್ಷಕರೇ. ನಿರ್ದೇಶಕರು ಎರಡು ದಿನ ಮುಖ ಊದಿಸಿಕೊಂಡಿದ್ದರು, ಆಮೇಲೆ ಚಿಲಕವನ್ನೇ ಬಿಚ್ಚಿಸಿದರು. ಮರುವರ್ಷ ಅದೇ ಊರಿಗೆ ಬೇರೆ ನಾಟಕ ತೆಗೆದುಕೊಂಡು ಹೋದಾಗ ಆ ಹೆಂಗಸು ಎಂಟು ಜನರನ್ನು ಕರೆದುಕೊಂಡು ಬಂದಿದ್ದರು. ಒಳಗೆ ಬರುತ್ತಲೇ ನನ್ನನ್ನು ಕೇಳಿದ್ದು, "ಈ ಸಲ ಬಾಗಿಲು ಇದೆಯಾ?"

ಮೈಕು ಕೊಟ್ಟು ಕೇಳಿದಾಗ ಬಾರದ ಮಾತು ಆಗ ಬಂದದ್ದು ಯಾಕೆ? ಸಂವಾದದಲ್ಲಿ ಪ್ರಶ್ನೆ ಕೇಳುವವರ ಪಾಡು ನೋಡಿ. ಎಲ್ಲರೂ ತಿರುಗಿ ನೋಡುತ್ತಾರೆ, ಬುದ್ಧಿವಂತಿಕೆಯದ್ದೇ ಕೇಳಬೇಕು ಅನ್ನಿಸುತ್ತದೆ. ಚಿಲಕದ ವಿಷಯವನ್ನೆಲ್ಲ ಮೈಕಿನಲ್ಲಿ ಯಾರು ಕೇಳುತ್ತಾರೆ? ಕೈಗೊಂದು ಕೆಲಸ ಇದ್ದಾಗ, ಎದುರಿನವರೂ ಮುಖ ನೋಡದೆ ತಮ್ಮ ಪಾಡಿಗೆ ಏನೋ ಮಾಡುತ್ತಿರುವಾಗ, ಜನ ನಿಜವಾಗಿ ಕಂಡದ್ದನ್ನು ಹೇಳುತ್ತಾರೆ.

ಅಂದಿನಿಂದ ನಾವು ಸಂವಾದ ಬಿಟ್ಟೆವು. ಬದಲಿಗೆ ಒಂದು ಮಾತು. "ಈಗ ಸೆಟ್ ಬಿಚ್ಚುತ್ತೇವೆ, ನೋಡಬೇಕು ಅನ್ನೋರು ಮೇಲೆ ಬನ್ನಿ." ಅಷ್ಟೇ. ಬಾಗಿಲು ತೆರೆದೇ ಇರುತ್ತಿತ್ತು, ನಟರು ಗ್ರೀನ್ ರೂಮ್ ಸೇರಿಕೊಳ್ಳುವ ಹಾಗಿರಲಿಲ್ಲ. ಮಕ್ಕಳು ಲೈಟನ್ನು ಹೆಚ್ಚು ಕಮ್ಮಿ ಮಾಡುವ ಡಿಮ್ಮರ್ ಎಳೆದು ನೋಡುತ್ತಿದ್ದರು. ದೂರದಿಂದ ಬೆಳ್ಳಿಯಂತೆ ಕಂಡ ಕಿರೀಟ ರಟ್ಟಿನದು ಅಂತ ಗೊತ್ತಾದಾಗ ಅವರ ಮುಖ ನೋಡಬೇಕು! ಹೀಗೆ ಮಾಡಿದರೆ ಮಾಯೆ ಒಡೆದುಹೋಗುತ್ತೆ ಅನ್ನುವ ರಂಗಕರ್ಮಿಗಳಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ರಟ್ಟು ಅಂತ ಗೊತ್ತಾದ ಮೇಲೆ ಮುಂದಿನ ಸಲ ಇನ್ನೂ ಕಣ್ಣರಳಿಸಿ ನೋಡುತ್ತಾರೆ. ಒಂದು ಎಚ್ಚರಿಕೆ ಮಾತ್ರ ಇರಲಿ: ಬಿಸಿ ಲೈಟು, ವಿದ್ಯುತ್ ಕನೆಕ್ಷನ್, ಏಣಿ ಇವುಗಳ ಹತ್ತಿರ ನಿಮ್ಮವರೇ ಒಬ್ಬರು ಕಡ್ಡಾಯವಾಗಿ ನಿಂತಿರಬೇಕು. ಡಿಮ್ಮರ್ ಮುಟ್ಟುವುದೂ ಅವರ ಕಣ್ಣೆದುರಿಗೇ.

ಆಟ ಮುಗಿದ ಮೇಲೆ ಜನರ ಜೊತೆ ಹೀಗೆ ಬೆರೆಯುವುದು ನಾವು ಕಂಡುಹಿಡಿದದ್ದೇನೂ ಅಲ್ಲ. 1971ರಲ್ಲಿ ನಾಟಕಕಾರ ಜಾನ್ ಮೆಕ್‌ಗ್ರಾತ್ ಮತ್ತು ಗೆಳೆಯರು ಬ್ರಿಟನ್ನಿನಲ್ಲಿ 7:84 ಅನ್ನುವ ತಂಡ ಕಟ್ಟಿದರು. ದೇಶದ ಸಂಪತ್ತಿನಲ್ಲಿ ನೂರಕ್ಕೆ 84 ಪಾಲು ನೂರರಲ್ಲಿ 7 ಜನರ ಕೈಯಲ್ಲಿದೆ ಅನ್ನುವ ಲೆಕ್ಕದಿಂದ ಬಂದ ಹೆಸರು. 1973ರಲ್ಲಿ ಅದರ ಸ್ಕಾಟ್ಲೆಂಡ್ ತಂಡ ಹೈಲ್ಯಾಂಡ್ಸ್ ಸೀಮೆಯ ಹಳ್ಳಿ ಹಾಲುಗಳಲ್ಲಿ, ಅಲ್ಲಿಯ ಜನರನ್ನು ಅವರ ನೆಲದಿಂದಲೇ ಎಬ್ಬಿಸಿದ ಕತೆಯನ್ನು ಆಡಿತು. ಸೆಟ್ ಅಂದರೆ ಪುಟ ತಿರುವಿದರೆ ಚಿತ್ರ ಎದ್ದು ನಿಲ್ಲುವಂಥ ಒಂದು ದೈತ್ಯ ಪುಸ್ತಕ. ಅದು ವ್ಯಾನಿನ ಮೇಲೆ ಹೋಗುತ್ತಿತ್ತು. ನಾಟಕ ಮುಗಿದ ಮೇಲೆ ಅದೇ ತಂಡ ವಾದ್ಯ ಹಿಡಿದು ಕೂರುತ್ತಿತ್ತು, ಊರವರು ಕುಣಿಯುತ್ತಿದ್ದರು. ತಮ್ಮದೇ ಊರಿನ ಕತೆ ನೋಡಿ, ಆಡಿದವರ ಜೊತೆಗೇ ಕುಣಿದು ಮನೆಗೆ ಹೋದವರು ಆ ತಂಡವನ್ನು ಮರೆಯುತ್ತಾರಾ? ಪೀಟರ್ ಶೂಮನ್ 1963ರಲ್ಲಿ ಅಮೆರಿಕದಲ್ಲಿ ಶುರುಮಾಡಿದ ಗೊಂಬೆಯಾಟದ ತಂಡ ಆಟದ ಜೊತೆ ತಾನೇ ಸುಟ್ಟ ಬ್ರೆಡ್ ಹಂಚುತ್ತಿತ್ತು, ಹೆಸರೇ ಬ್ರೆಡ್ ಅಂಡ್ ಪಪೆಟ್. ನಿಮ್ಮಲ್ಲಿ ಕುಣಿತವೂ ಬೇಡ, ಬ್ರೆಡ್ಡೂ ಬೇಡ. ಕೇಬಲ್ ಸುತ್ತುವ ಕೆಲಸ ಹೇಗೂ ಇದ್ದೇ ಇದೆ.

ಇಲ್ಲೇ ಇನ್ನೊಂದು ಮಾತು. ಪ್ರೇಕ್ಷಕರನ್ನು ಒಳಗೊಳ್ಳುವುದು ಅಂದರೆ ನಾಟಕದ ನಡುವೆ ಕೆಳಗಿಳಿದು ಯಾರದ್ದೋ ಕೈ ಹಿಡಿದು ಎಳೆಯುವುದು ಅಂತ ಕೆಲವರು ತಿಳಿದಿದ್ದಾರೆ. ದಯವಿಟ್ಟು ಬೇಡ. ಎಳೆಸಿಕೊಂಡವರಿಗೆ ಮುಜುಗರ, ಪಕ್ಕದವರಿಗೆ ಮುಂದಿನ ಸರದಿ ನನ್ನದೇನೋ ಅನ್ನುವ ಭಯ. ತಾವಾಗಿ ಎದ್ದು ಬಂದರೆ ಮಾತು ಬೇರೆ. ಬ್ರೆಜಿಲ್‌ನ ರಂಗ ನಿರ್ದೇಶಕ ಅಗಸ್ಟೋ ಬೋಲ್ ಇಂಥದ್ದೊಂದು ಘಟನೆಯನ್ನು ಹೇಳಿಕೊಂಡಿದ್ದಾರೆ. 1973ರಲ್ಲಿ ಅವರು ಪೆರು ದೇಶದಲ್ಲಿದ್ದರು. ಮೋಸ ಮಾಡಿದ ಗಂಡನನ್ನು ಹೆಂಡತಿ ಏನು ಮಾಡಬೇಕು ಅಂತ ನಾಟಕ ನಿಲ್ಲಿಸಿ ಪ್ರೇಕ್ಷಕರನ್ನು ಕೇಳುತ್ತಿದ್ದರು, ಅವರು ಹೇಳಿದ್ದನ್ನು ನಟರು ಆಡುತ್ತಿದ್ದರು. ದಪ್ಪ ಮೈಯ ಒಬ್ಬಾಕೆ, ಅವನ ಹತ್ತಿರ ಸ್ಪಷ್ಟವಾಗಿ ಮಾತಾಡಬೇಕು ಅಂದಳು. ನಟಿ ಮಾತಾಡಿದಳು. ಆ ಹೆಂಗಸಿಗೆ ಸಮಾಧಾನ ಇಲ್ಲ. ಇನ್ನೂ ಜೋರಾಗಿ ಆಡಿದರು, ಅದೂ ಹಿಡಿಸಲಿಲ್ಲ. ಕೊನೆಗೆ ಬೋಲ್, ನೀವೇ ಬಂದು ತೋರಿಸಿ ಅಂದರು. ಆಕೆ ವೇದಿಕೆ ಹತ್ತಿ ಗಂಡನ ಪಾತ್ರಧಾರಿಯನ್ನು ಹಿಡಿದು ಚೆನ್ನಾಗಿ ಬಾರಿಸಿದಳು. ಆಕೆಯ 'ಸ್ಪಷ್ಟ ಮಾತು' ಅದು! ಪ್ರೇಕ್ಷಕರೇ ಮೇಲೆ ಬಂದು ಆಡುವ ಫೋರಮ್ ಥಿಯೇಟರ್ ಅನ್ನುವ ಬಗೆ ಅಲ್ಲಿಂದ ಹುಟ್ಟಿತು ಅಂತ ಬೋಲ್ ಹೇಳುತ್ತಾರೆ. ಪ್ರೇಕ್ಷಕರು ಏನಾದರೂ ಹೇಳಿದಾಗ, ಓ ಗೊತ್ತಾಯ್ತು ಅಂತ ನಾವು ತಲೆಯಾಡಿಸುತ್ತೇವಲ್ಲ, ಆಗೆಲ್ಲ ನನಗೆ ಆ ಪಾಪದ ನಟನ ನೆನಪಾಗುತ್ತದೆ.

ಇನ್ನು ಶೋಗೆ ಮುಂಚಿನದು. ಸಣ್ಣ ತಂಡಕ್ಕೆ ಪ್ರೇಕ್ಷಕರನ್ನು ಕರೆತರುವುದು ಪೋಸ್ಟರ್ ಅಲ್ಲ, ಆಯೋಜಕರು. ಹೆಗ್ಗೋಡಿನ ನೀನಾಸಮ್‌ನವರು 1985ರಲ್ಲಿ ಶುರುಮಾಡಿದ, ಊರೂರಿಗೆ ನಾಟಕ ಒಯ್ಯುವ 'ತಿರುಗಾಟ' ಇಷ್ಟು ವರ್ಷ ನಡೆದುಬಂದಿರುವುದರಲ್ಲಿ ಊರೂರಿನ ಆಯೋಜಕರ ಪಾಲು ದೊಡ್ಡದು. ಒಳ್ಳೆಯ ನಟರು ಬೇಕು ನಿಜ. ಆದರೆ ಪ್ರತಿ ವರ್ಷ ನಾಟಕ ಆಡಿಸಿಯೇ ತೀರುತ್ತೇವೆ ಅನ್ನುವ ನಾಲ್ಕು ಜನ ಆ ಊರಿನಲ್ಲಿ ಇರಬೇಕು. ಆ ನಾಲ್ಕು ಜನರಿಗೆ ನೀವು ಏನು ಕೊಡುತ್ತೀರಿ? ನಾವು ಒಂದು ಕಾಲದಲ್ಲಿ ಕೊಡುತ್ತಿದ್ದದ್ದು ಸಮಾಜದ ಓರೆಕೋರೆಗಳಿಗೆ ಕನ್ನಡಿ ಹಿಡಿಯುವ ಅಂತ ಶುರುವಾಗುವ ಕರಪತ್ರ. ಅದನ್ನು ಓದಿ ಒಬ್ಬ ಆಯೋಜಕರು ಇನ್ನೂರು ಶಾಲೆ ಮಕ್ಕಳನ್ನು ಕರೆತಂದು ಕೂರಿಸಿದರು. ನಾಟಕ ಎರಡು ಗಂಟೆಯದು, ದೊಡ್ಡವರದ್ದು, ನಿಧಾನದ್ದು. ಮಕ್ಕಳ ಗಲಾಟೆಯಲ್ಲಿ ಒಂದು ಮಾತೂ ಕೇಳಲಿಲ್ಲ. ತಪ್ಪು ಅವರದ್ದಲ್ಲ, ನಮ್ಮದು. ಆಮೇಲೆ ಅರ್ಧ ಪುಟದ ಕಾಗದ ಮಾಡಿದೆವು: ಕತೆ ಏನು, ಎಷ್ಟು ಹೊತ್ತು, ಯಾವ ವಯಸ್ಸಿನವರಿಗೆ ಹಿಡಿಸಬಹುದು, ಯಾರಿಗೆ ಬೇಸರ ಬರಬಹುದು. ಕೊನೆಯದನ್ನು ಬರೆಯಲು ನಿರ್ದೇಶಕರು ಒಪ್ಪಲಿಲ್ಲ, ಜಗಳವಾಡಿ ಬರೆದೆ.

ಆಟದ ಹೊತ್ತಿನಲ್ಲಿ ಎರಡೇ ವಿಷಯ. ಒಂದು ಬೆಳಕು. ಪ್ರೇಕ್ಷಕರ ಕಡೆ ಪೂರ್ತಿ ಕತ್ತಲು ಮಾಡಬೇಡಿ. ಮುಂದಿನ ಐದಾರು ಸಾಲಿನ ಮುಖಗಳು ನಟರಿಗೆ ಮಸುಕಾಗಿಯಾದರೂ ಕಾಣಲಿ. ಬಂಗಾಳದ ನಾಟಕಕಾರ ಬಾದಲ್ ಸರ್ಕಾರ್ 1970ರ ದಶಕದಲ್ಲಿ ವೇದಿಕೆಯನ್ನೇ ಬಿಟ್ಟು, ಜನರ ನಡುವೆ, ಎಲ್ಲರಿಗೂ ಎಲ್ಲರೂ ಕಾಣುವ ಹಾಗೆ ನಾಟಕ ಆಡಿಸಿದರು. ಅಷ್ಟು ದೂರ ಹೋಗದಿದ್ದರೂ ಒಂದೆರಡು ಲೈಟನ್ನು ಸಣ್ಣಗೆ ಉರಿಸಬಹುದಲ್ಲ. ಕಣ್ಣಿಗೆ ಬೀಳದವರಿಗೆ ಮಾತಾಡುವ ನಟ ಬೇಗ ಗಾಳಿಗೆ ಮಾತಾಡಲು ಶುರುಮಾಡುತ್ತಾನೆ. ಹಳೆಯ ಕಂಪನಿ ನಾಟಕದವರಿಗೆ ಈ ಕಷ್ಟ ಇರಲಿಲ್ಲ, ಹಾಡು ಹಿಡಿಸಿದರೆ ಜನ 'ಒನ್ಸ್ ಮೋರ್' ಅಂತ ಕೂಗುತ್ತಿದ್ದರು, ನಟರು ಕತೆ ನಿಲ್ಲಿಸಿ ಮತ್ತೆ ಹಾಡುತ್ತಿದ್ದರು.

ಇನ್ನೊಂದು ದನಿ. ಮಧ್ಯಾಹ್ನ ಖಾಲಿ ಹಾಲ್‌ನಲ್ಲಿ ನೋಡಿಕೊಂಡ ದನಿಯನ್ನು ಸಂಜೆಗೆ ನಂಬಬೇಡಿ. ಖಾಲಿ ಇದ್ದಾಗ ಮಾತು ಗೋಡೆಗೆ ಬಡಿದು ಗುಂಯ್‌ಗುಡುತ್ತದೆ. ಜನ ತುಂಬಿದ ಮೇಲೆ ಅವರ ಮೈ, ಬಟ್ಟೆ ಸದ್ದನ್ನು ಹೀರಿಕೊಳ್ಳುತ್ತವೆ, ಹಿಂದಿನ ಸಾಲಿಗೆ ಮಾತು ಮುಟ್ಟುವುದೇ ಇಲ್ಲ. ಅದೂ ಅಲ್ಲದೆ ಹೊಸಬರ ದನಿಗೆ ಕಿವಿ ಒಗ್ಗಲು ಜನರಿಗೂ ಒಂದೆರಡು ನಿಮಿಷ ಬೇಕು. ಕತೆಗೆ ಬೇಕೇಬೇಕಾದ ಮಾತನ್ನು ಮೊದಲ ಎರಡು ನಿಮಿಷದಲ್ಲಿ ಇಡಬೇಡಿ. ಕೇಳಿಸದವರು ಎದ್ದು ಹೇಳುವುದಿಲ್ಲ. ಸುಮ್ನೆ ಕೂತು, ಅರ್ಥವಾಗದ್ದು ತಮ್ಮದೇ ತಪ್ಪು ಅಂದುಕೊಂಡು ಹೋಗುತ್ತಾರೆ.

ಫೇಸ್‌ಬುಕ್‌ಗೆ ಬರುತ್ತೇನೆ. ಹಾಕಿ, ಬೇಡ ಅನ್ನಲ್ಲ. ನಮಗೆ ಅದರಿಂದ ಸಿಕ್ಕಿದ್ದು ಬೇರೆ ತಂಡದವರ ಲೈಕು. ಸೆಟ್ ಬಿಚ್ಚುವಾಗ ಮೇಲೆ ಬಂದವರ ನಂಬರನ್ನು ಕೇಳಿ ಬರೆದುಕೊಂಡು, ಮುಂದಿನ ಸಲ ಅವರೂರಿಗೆ ಬರುವ ವಾರ ಮೊದಲು ಒಂದೇ ಒಂದು ಮೆಸೇಜ್ ಕಳಿಸಿದ್ದು ಅದಕ್ಕಿಂತ ಜಾಸ್ತಿ ಕೆಲಸಕ್ಕೆ ಬಂತು. ನಡುವೆ ಹಬ್ಬದ ಶುಭಾಶಯ, ಫಾರ್ವರ್ಡ್ ಏನೂ ಇಲ್ಲ.

ಮತ್ತೆ ಹೋಗಬೇಕು, ಅದೇ ಮುಖ್ಯ. ಮೂವತ್ತು ಊರಿಗೆ ಒಂದೊಂದು ಸಲ ಹೋಗುವುದಕ್ಕಿಂತ ಹತ್ತು ಊರಿಗೆ ಮೂರು ವರ್ಷ ಬಿಡದೆ ಹೋಗಿ. ಮೊದಲ ವರ್ಷ ಕೈಗೆ ಕಾಸು ಕಮ್ಮಿ ಬರುತ್ತದೆ, ನಿಮ್ಮಲ್ಲೇ ಯಾರಾದರೂ ಗೊಣಗುತ್ತಾರೆ. ಪಾತ್ರಧಾರಿಗಳು ಬದಲಾದರೂ ಒಬ್ಬರಾದರೂ ಹಳಬರು ಜೊತೆಗಿರಲಿ, ಜನ ಹುಡುಕುವುದು ಗೊತ್ತಿರುವ ಮುಖವನ್ನು. ನಮ್ಮ ತಂಡದಲ್ಲಿ ಆ ಮುಖ ನಟರದ್ದಾಗಿರದೆ, ಕೇಬಲ್ ಸುತ್ತುವ ನನ್ನದಾಗಿತ್ತು. ನಟರಿಗೆ ಇದು ಅಷ್ಟೇನೂ ಇಷ್ಟವಾಗಿರಲಿಲ್ಲ.

ಮುಂದಿನ ಸುತ್ತಿಗೆ ಹೊರಡುವ ಮೊದಲು ಒಂದು ದಪ್ಪ ನೋಟ್‌ಬುಕ್ ತಗೊಳ್ಳಿ. ಒಂದೊಂದು ಊರಿಗೆ ಒಂದೊಂದು ಪುಟ. ವೇದಿಕೆಯ ಅಗಲ, ವಿಂಗ್ ಯಾವ ಕಡೆ, ಫ್ಯೂಸ್ ಎಷ್ಟು ಲೋಡ್ ತಡೆಯುತ್ತೆ, ಬೀಗದ ಕೈ ಯಾರ ಹತ್ತಿರ ಇರುತ್ತೆ. ಅದರ ಕೆಳಗೆ, ಆ ರಾತ್ರಿ ಯಾರು ಏನು ಕೇಳಿದರು ಅಂತ, ಅವರ ಮಾತಿನಲ್ಲೇ. ವ್ಯಾನಿನಲ್ಲಿ ಕೂತ ತಕ್ಷಣ ಬರೆಯಿರಿ. ಬೆಳಿಗ್ಗೆ ಬರೆಯೋಣ ಅಂದುಕೊಂಡ ಪುಟಗಳು ನಮ್ಮ ನೋಟ್‌ಬುಕ್ಕಿನಲ್ಲಿ ಇನ್ನೂ ಖಾಲಿ ಇವೆ.