ಬೇರೊಬ್ಬರ ಲೈಬ್ರರಿಯನ್ನು ಪೋರ್ಟ್ ಮಾಡಿದ ಮೇಲೆ

ಪ್ರಶ್ನೆ: ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟುಗಳಲ್ಲಿರುವ ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸುವ ಒಂದು ಪೈಥಾನ್ ಲೈಬ್ರರಿಯನ್ನು (ಬೇರೆ ಪ್ರೋಗ್ರಾಮುಗಳು ಬಳಸಿಕೊಳ್ಳಬಹುದಾದ ಸಿದ್ಧ ಕೋಡ್) ಬಿಡುವಿನ ವೇಳೆಯಲ್ಲಿ ಜಾವಾಸ್ಕ್ರಿಪ್ಟ್‌ಗೆ ಪೋರ್ಟ್ ಮಾಡಿದ್ದೇನೆ, ಎಂದರೆ ಆ ಭಾಷೆಯಲ್ಲಿ ಮತ್ತೆ ಬರೆದಿದ್ದೇನೆ. ಮೂಲ ಲೈಬ್ರರಿಯು ಜಿಪಿಎಲ್ 3ನೇ ಆವೃತ್ತಿಯ ಪರವಾನಗಿಯಲ್ಲಿದೆ. ನಾನು ಪ್ರತಿ ಸಾಲನ್ನೂ ಹೊಸ ಭಾಷೆಯಲ್ಲಿ ಹೊಸದಾಗಿ ಬರೆದಿರುವುದರಿಂದ ಇದನ್ನು ಷರತ್ತುಗಳು ತೀರ ಕಡಿಮೆಯಿರುವ ಎಂಐಟಿ ಪರವಾನಗಿಯಲ್ಲಿ, ಅದೇ ಹೆಸರಿನಿಂದ, 1.0 ಆವೃತ್ತಿಯಾಗಿ, ಜಾವಾಸ್ಕ್ರಿಪ್ಟ್ ಲೈಬ್ರರಿಗಳ ಸಾರ್ವಜನಿಕ ಭಂಡಾರವಾದ ಎನ್‌ಪಿಎಂನಲ್ಲಿ ಬಿಡುಗಡೆ ಮಾಡಬಹುದೇ?
— ಓದುಗರು, ದಾವಣಗೆರೆ

ಉತ್ತರ: ನಿಮ್ಮ ಮೂರು ಆಲೋಚನೆಗಳಲ್ಲಿ ಯಾವುದನ್ನೂ ಈಗಿರುವಂತೆ ಒಪ್ಪಲಾರೆ. ಆದರೆ ಲೈಬ್ರರಿ ಖಂಡಿತ ಬಿಡುಗಡೆಯಾಗಬೇಕು. ಕಚೇರಿಗಳಲ್ಲಿ, ಪ್ರಕಾಶಕರ ಕಂಪ್ಯೂಟರುಗಳಲ್ಲಿ ಆಸ್ಕಿ ಫಾಂಟಿನ ಕಡತಗಳು ಇನ್ನೂ ಬಹಳಷ್ಟಿವೆ. ಅವನ್ನು ಬ್ರೌಸರಿನಲ್ಲೇ ಪರಿವರ್ತಿಸಲು ಸಾಧ್ಯವಾದರೆ, ಕಡತವನ್ನು ಬೇರೆಯವರ ಸರ್ವರಿಗೆ ಕಳುಹಿಸುವ ಅಗತ್ಯವೇ ಇರುವುದಿಲ್ಲ.

ಮೊದಲು ಪರವಾನಗಿ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯು ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿಯೆಂದೇ ಪರಿಗಣಿಸುತ್ತದೆ. ಅನುವಾದದ ಮತ್ತು ರೂಪಾಂತರದ ಹಕ್ಕು ಮೂಲ ಹಕ್ಕುದಾರರದು. ಕಾದಂಬರಿಯೊಂದನ್ನು ಕನ್ನಡಕ್ಕೆ ಅನುವಾದಿಸಿದವರು ಪ್ರತಿ ವಾಕ್ಯವನ್ನೂ ತಾವೇ ಬರೆದಿರುತ್ತಾರೆ, ಆದರೂ ಕೃತಿ ಅವರೊಬ್ಬರದಾಗುವುದಿಲ್ಲ. ಮೂಲ ಕೋಡನ್ನು ಎದುರಿಗಿಟ್ಟುಕೊಂಡು ಫಂಕ್ಷನ್‌ಗೆ ಫಂಕ್ಷನ್ ಹೊಂದಿಸಿ ಬರೆದ ಪೋರ್ಟ್ ಕೂಡ ಹಾಗೆಯೇ. ಜಿಪಿಎಲ್ ನಿಮಗೆ ರೂಪಾಂತರಿಸುವ, ಹಂಚುವ ಅನುಮತಿಯನ್ನು ಕೊಟ್ಟಿದೆ, ಆದರೆ ಹಂಚುವಾಗ ಅದೇ ಪರವಾನಗಿಯಲ್ಲಿ ಹಂಚಬೇಕೆಂಬ ಷರತ್ತಿನೊಂದಿಗೆ.

ಕೋಡಿಗಿಂತ ಹೆಚ್ಚಾಗಿ ನನ್ನನ್ನು ಚಿಂತೆಗೀಡುಮಾಡುವುದು ಅಕ್ಷರಗಳ ಮ್ಯಾಪಿಂಗ್ ಕೋಷ್ಟಕ, ಎಂದರೆ ಹಳೆಯ ಫಾಂಟಿನ ಯಾವ ಸಂಕೇತಕ್ಕೆ ಯೂನಿಕೋಡ್‌ನ ಯಾವ ಅಕ್ಷರ ಎಂಬ ಪಟ್ಟಿ. ಅದನ್ನು ಬಹುಶಃ ನೀವು ಹಾಗೆಯೇ ಎತ್ತಿಕೊಂಡಿರುತ್ತೀರಿ, ಮತ್ತು ಕೋಷ್ಟಕಗಳನ್ನೂ ಕಾಯ್ದೆ ಸಾಹಿತ್ಯ ಕೃತಿಯ ವ್ಯಾಖ್ಯೆಯಲ್ಲಿ ಸೇರಿಸಿದೆ. ದತ್ತಾಂಶದ ಪರವಾನಗಿಯನ್ನು ಮರೆತರೆ ಏನಾಗುತ್ತದೆ ಎಂಬುದನ್ನು 2021ರ ಮಾರ್ಚ್‌ನಲ್ಲಿ ಕಂಡಿದ್ದೇವೆ. ಜಾಲತಾಣಗಳನ್ನು ಕಟ್ಟಲು ಬಳಸುವ ರೂಬಿ ಆನ್ ರೈಲ್ಸ್ ಎಂಬ ಚೌಕಟ್ಟು ನೆಚ್ಚಿಕೊಂಡಿದ್ದ, ಕಡತದ ಬಗೆಯನ್ನು ಗುರುತಿಸುವ ಮೈಮ್‌ಮ್ಯಾಜಿಕ್ ಎಂಬ ಲೈಬ್ರರಿ ಎಂಐಟಿ ಪರವಾನಗಿಯಲ್ಲಿದ್ದರೂ, ಅದರೊಳಗಿನ ದತ್ತಾಂಶ ಕಡತವೊಂದು ಜಿಪಿಎಲ್ ಯೋಜನೆಯಿಂದ ಬಂದದ್ದಾಗಿತ್ತು. ವಿಷಯ ಬೆಳಕಿಗೆ ಬಂದು ಹಳೆಯ ಆವೃತ್ತಿಗಳನ್ನು ಹಿಂತೆಗೆದುಕೊಂಡಾಗ, ಅವನ್ನೇ ನಂಬಿದ್ದ ರೈಲ್ಸ್ ಯೋಜನೆಗಳನ್ನು ಇನ್‌ಸ್ಟಾಲ್ ಮಾಡಲಾಗದೆ ಹಲವರು ಪರದಾಡಿದರು.

ಎಂಐಟಿಯ ಬಗ್ಗೆ ನಿಮಗಿರುವ ಒಲವು ನನಗೆ ಅರ್ಥವಾಗುತ್ತದೆ. ಜಾವಾಸ್ಕ್ರಿಪ್ಟ್ ಬಳಕೆದಾರರ ಬ್ರೌಸರಿಗೇ ಹೋಗಿ ಸೇರುವುದರಿಂದ ಅದು ಹಂಚಿಕೆಯೇ ಆಗುತ್ತದೆ, ಹಾಗಾಗಿ ನಿಮ್ಮ ಲೈಬ್ರರಿಯನ್ನು ಸೇರಿಸಿಕೊಂಡ ಜಾಲತಾಣದ ಕೋಡ್‌ಗೂ ಜಿಪಿಎಲ್ ಷರತ್ತುಗಳು ಅನ್ವಯಿಸಬಹುದೆಂದು ಅನೇಕ ಕಂಪನಿಗಳು ದೂರ ಸರಿಯುತ್ತವೆ. ಮೊಜಿಲ್ಲಾದ ಸಿ++ ಕೋಡ್‌ನಿಂದ ಪೈಥಾನ್‌ಗೆ ಬಂದ ಚಾರ್ಡೆಟ್ ಎಂಬ ಪೋರ್ಟ್ ಬಹುಕಾಲ ಜಿಪಿಎಲ್‌ನ ಸಡಿಲ ರೂಪವಾದ ಎಲ್‌ಜಿಪಿಎಲ್‌ನಲ್ಲೇ ಇತ್ತು. ಆ ಕಾರಣಕ್ಕಾಗಿಯೇ 2021ರಲ್ಲಿ, ಚಾರ್ಡೆಟ್ಟನ್ನು ಬಳಸುತ್ತಿದ್ದ ರಿಕ್ವೆಸ್ಟ್ಸ್ ಎಂಬ ಪೈಥಾನ್ ಲೈಬ್ರರಿಯು ತನ್ನ 2.26.0 ಆವೃತ್ತಿಯಲ್ಲಿ ಎಂಐಟಿ ಪರವಾನಗಿಯ ಬೇರೊಂದು ಲೈಬ್ರರಿಗೆ ಬದಲಾಯಿತು. ನಿಮಗೆ ಎಂಐಟಿಯೇ ಬೇಕಿದ್ದರೆ ಮೂಲ ಲೇಖಕರಿಗೆ ಪತ್ರ ಬರೆದು ಕೇಳಿ. ಕೋಡ್‌ಗೆ ಕೊಡುಗೆ ನೀಡಿದವರು ಇತರರೂ ಇದ್ದರೆ ಅವರೂ ಒಪ್ಪಬೇಕು, ಮತ್ತು ಒಪ್ಪಿಗೆ ಬರಹದಲ್ಲಿರಬೇಕು. ಅದು ಸಿಗದಿದ್ದರೆ ಜಿಪಿಎಲ್‌ನಲ್ಲೇ ಸಂತೋಷದಿಂದ ಬಿಡುಗಡೆ ಮಾಡಿ, ಮೂಲದವರ ಹಕ್ಕುಸ್ವಾಮ್ಯದ ಸಾಲನ್ನು ಉಳಿಸಿಕೊಂಡು, ಇದು ಪೋರ್ಟ್ ಎಂದು ದಿನಾಂಕದೊಂದಿಗೆ ನಮೂದಿಸಿ. ಬಿಡುವಿನ ವೇಳೆಯ ಕೆಲಸವಾದರೂ, ಕೋಡಿನ ಹಕ್ಕು ಯಾರದೆಂದು ತಿಳಿಯಲು ನೌಕರಿಯ ಒಪ್ಪಂದವನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಅದೇ ಹೆಸರನ್ನು ಅನುಮತಿಯಿಲ್ಲದೆ ಬಳಸಬೇಡಿ. ನಿಮ್ಮ ಪೋರ್ಟ್‌ನ ದೋಷಗಳ ದೂರು ಮೂಲ ಲೇಖಕರಿಗೆ ಹೋಗುತ್ತದೆ. ಬೇರೆ ಹೆಸರಿಟ್ಟು, ವಿವರಣೆಯ ಮೊದಲ ವಾಕ್ಯದಲ್ಲೇ ಮೂಲವನ್ನು ಹೆಸರಿಸಿ.

1.0 ಎನ್ನುವ ಮುನ್ನ ಪರೀಕ್ಷೆ ನಡೆಯಲಿ. ‘ಸರ್ಕಾರ’ ಎಂಬ ಪದವನ್ನೇ ನೋಡಿ. ಆಸ್ಕಿ ಫಾಂಟಿನಲ್ಲಿ ಅದು ಕಣ್ಣಿಗೆ ಕಾಣುವ ಕ್ರಮದಲ್ಲಿ, ಎಂದರೆ ಸ, ಕಾ, ಅರ್ಕಾವತ್ತು, ರ ಎಂದು ದಾಖಲಾಗಿರುತ್ತದೆ. ಯೂನಿಕೋಡ್‌ನಲ್ಲಿ ರಕಾರ ಮತ್ತು ಹಲಂತ ಕಕಾರಕ್ಕಿಂತ ಮೊದಲು ಬರಬೇಕು. ಈ ಅದಲುಬದಲಿನಲ್ಲಿ ಪೋರ್ಟ್‌ಗಳು ಎಡವುತ್ತವೆ. ಜೊತೆಗೆ, ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ (ಪಠ್ಯದಲ್ಲಿ ಮಾದರಿಗಳನ್ನು ಹುಡುಕುವ ಸೂತ್ರ) ಪದದ ಗಡಿಯನ್ನು ಹುಡುಕುವಾಗ ಪೈಥಾನ್ 3 ಕನ್ನಡದ ವ್ಯಂಜನಗಳನ್ನು ಪದದ ಭಾಗವೆಂದು ಗುರುತಿಸುತ್ತದೆ, ಜಾವಾಸ್ಕ್ರಿಪ್ಟ್ ಗುರುತಿಸುವುದಿಲ್ಲ. ಆದ್ದರಿಂದ ಒಂದೇ ಪಠ್ಯವನ್ನು ಎರಡೂ ಲೈಬ್ರರಿಗಳಿಗೆ ಕೊಟ್ಟು, ಫಲಿತಾಂಶವನ್ನು ಅಕ್ಷರಕ್ಕೆ ಅಕ್ಷರ ಹೋಲಿಸುವ ಪರೀಕ್ಷೆಗಳನ್ನು ಬರೆದು ಅವನ್ನೂ ಪ್ರಕಟಿಸಿ. ಅಲ್ಲಿಯವರೆಗೆ ಸಂಖ್ಯೆ 0.1.0 ಇರಲಿ, ಆವೃತ್ತಿಗಳಿಗೆ ಸಂಖ್ಯೆ ಕೊಡುವ ಸೆಮ್ಯಾಂಟಿಕ್ ವರ್ಷನಿಂಗ್ ನಿಯಮದಂತೆ ಸೊನ್ನೆಯಿಂದ ಆರಂಭವಾಗುವ ಆವೃತ್ತಿಯಲ್ಲಿ ಏನು ಬೇಕಾದರೂ ಬದಲಾಗಬಹುದು, ಬಳಸುವವರಿಗೂ ಅದು ಗೊತ್ತಿರುತ್ತದೆ.

ಎನ್‌ಪಿಎಂನಲ್ಲಿ ಪ್ರಕಟಿಸಿದ್ದನ್ನು ಹಿಂಪಡೆಯುವುದು 72 ಗಂಟೆಗಳ ನಂತರ ಕಷ್ಟ. ಹಾಗಾಗಿ ಪ್ರಕಟಿಸುವ ಮುನ್ನ ಎನ್‌ಪಿಎಂನ ಪ್ಯಾಕ್ ಆದೇಶವನ್ನು, ಪ್ಯಾಕೇಜ್ ಕಟ್ಟದೆ ಬರೀ ಪಟ್ಟಿ ತೋರಿಸುವ ಡ್ರೈ-ರನ್ ಆಯ್ಕೆಯೊಂದಿಗೆ ನಡೆಸಿ, ಪ್ಯಾಕೇಜಿಗೆ ಯಾವ ಕಡತಗಳು ಸೇರುತ್ತಿವೆ ಎಂದು ಪಟ್ಟಿ ನೋಡಿ. ಪರೀಕ್ಷೆಗೆಂದು ಬಳಸಿದ ಯಾರದೋ ಕಚೇರಿಯ ಪತ್ರ ಅದರಲ್ಲಿ ಉಳಿದಿರಬಾರದು, ಆದರೆ ಪರವಾನಗಿಯ ಕಡತ ಇರಲೇಬೇಕು.